ಸರ್ಕಾರ ಕೇಳಿದಾಗ ನಾವು ಹೇಳೋಣ

(ಬಾಶೆಟ್ಟಿಹಳ್ಳಿ ಸಾಕ್ಷರತಾ ಕೇಂದ್ರದಲ್ಲಿ ಕಲಿಯುವ ಹೆಣ್ಣುಮಕ್ಕಳ ಮುಂದೆ ಮಾಡಿದ ಭಾಷಣ)



ನೀವೆಲ್ಲ ಓದೋದು ಬರೆಯೋದು ಕಲಿತಿದ್ದೀರಿ. ಬಸ್ಸಿನ ಬೋರ್ಡು ಓದ್ತೀರಿ. ರೇಷನ್ ಕಾರ್ಡಿನಲ್ಲಿ ಹೆಸರು ಸರಿಯಾಗಿದೆಯಾ ಅಂತ ನೋಡ್ತೀರಿ. ಸಂಘದ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತೋದು ಬಿಟ್ಟು ಸಹಿ ಹಾಕ್ತೀರಿ. ಬಹಳ ಸಂತೋಷ.

ಇವತ್ತು ನಾವು ಇನ್ನೊಂದು ಕಾಗದದ ವಿಚಾರ ಹೇಳ್ತೀವಿ. ಅದು ಸರ್ಕಾರ ಜನರನ್ನ ಕೇಳುವ ಕಾಗದ. "ಇಂಥ ಕಡೆ ಇಂಥ ಕೆಲಸ ಮಾಡಬೇಕು ಅಂತಿದ್ದೇವೆ. ನಿಮ್ಮ ಅಭಿಪ್ರಾಯ ಏನು?" ಅಂತ ಅದರಲ್ಲಿ ಇರುತ್ತೆ. ದೊಡ್ಡ ಕಾರ್ಖಾನೆ ಇರಬಹುದು, ಗಣಿ ಇರಬಹುದು, ಅಣುವಿದ್ಯುತ್ ಸ್ಥಾವರ ಇರಬಹುದು.

"ಅಣು, ವಿಜ್ಞಾನ ಇದೆಲ್ಲ ನಮಗೇನು ತಿಳಿಯುತ್ತೆ? ಓದಿದವರು ನೋಡ್ಕೋತಾರೆ ಬಿಡಿ" ಅಂತೀರಾ? ಸ್ವಲ್ಪ ಯೋಚನೆ ಮಾಡಿ. ದೊಡ್ಡಬಳ್ಳಾಪುರದ ಮಗ್ಗ ಓಡೋದು ಕರೆಂಟಿನಿಂದ. ನಮ್ಮೂರಿನ ಕಾರ್ಖಾನೆಗಳು ನಡೆಯೋದೂ ಕರೆಂಟಿನಿಂದ. ಆ ಕರೆಂಟು ಎಲ್ಲಿಂದ ಬರುತ್ತೆ, ಅದಕ್ಕಾಗಿ ಯಾರ ಊರಿನ ಕಾಡು, ಯಾರ ಹೊಳೆ ನೀರು ಬೇಕು, ಇದು ನಮಗೆ ಸೇರದ ಮಾತೇ? ಇಲ್ಲೇ ಹತ್ತಿರದ ದೊಡ್ಡತುಮಕೂರು, ಮಜರಾಹೊಸಹಳ್ಳಿ ಕಡೆಯ ಜನ ಕೆರೆ ನೀರು ಕೆಟ್ಟಿದೆ ಅಂತ ಎಷ್ಟೋ ಸಲ ಬೀದಿಗೆ ಬಂದಿದ್ದಾರೆ. ನೀರು ಕೆಟ್ಟ ಮೇಲೆ ಕೂಗೋದು ಕಷ್ಟ. ಕೆಡುವ ಮುಂಚೆ ಕೇಳೋದು ಲೇಸು.

ಮೊದಲು ಕೈಗಾದ ಕಥೆ ಹೇಳ್ತೀವಿ.

ಕೈಗಾ ಇರೋದು ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲ್ಲೂಕಿನಲ್ಲಿ, ಕಾಳಿ ನದಿಯ ದಡದಲ್ಲಿ. ಸುತ್ತ ದಟ್ಟ ಕಾಡು. ಅಲ್ಲಿ ಅಣುವಿದ್ಯುತ್ ಸ್ಥಾವರ ಇದೆ. ಅದು ಹೇಗೆ ಕೆಲಸ ಮಾಡುತ್ತೆ? ನಾವು ಒಲೆ ಮೇಲೆ ನೀರು ಕಾಯಿಸಿದರೆ ಹಬೆ ಬರುತ್ತೆ. ಹಬೆಯ ಒತ್ತಡಕ್ಕೆ ಪಾತ್ರೆಯ ಮುಚ್ಚಳ ಕುಣಿಯುತ್ತೆ. ಅಲ್ಲಿಯೂ ಹಬೆಯಿಂದಲೇ ದೊಡ್ಡ ಚಕ್ರ ತಿರುಗುತ್ತೆ, ಕರೆಂಟು ಬರುತ್ತೆ. ಆದರೆ ಒಲೆಗೆ ಸೌದೆ ಇಲ್ಲ. ಯುರೇನಿಯಂ ಅನ್ನುವ ಲೋಹದ ಅಣುಗಳನ್ನು ಒಡೆದು ಶಾಖ ತೆಗೀತಾರೆ. ನಮ್ಮ ಒಲೆಯ ಬೂದಿ ಬೆಳಗಾಗೋದರೊಳಗೆ ತಣ್ಣಗಾಗುತ್ತೆ. ಆ ಒಲೆಯ ಬೂದಿ ಹಾಗಲ್ಲ. ಅದರಿಂದ ವಿಕಿರಣ ಅನ್ನುವ ಕಿರಣಗಳು ಬಹಳ ಬಹಳ ಕಾಲ ಬರ್ತಾ ಇರ್ತವೆ. ಅವು ಕಣ್ಣಿಗೆ ಕಾಣಲ್ಲ, ಮೂಗಿಗೆ ವಾಸನೆ ಇಲ್ಲ. ಮಿತಿ ಮೀರಿದರೆ ಮೈಗೆ ಕೆಡುಕು. ಅದಕ್ಕೇ ಅದನ್ನ ಬಹಳ ಭದ್ರವಾಗಿ ಇಡಬೇಕು.

ಕೈಗಾದಲ್ಲಿ ಕಟ್ಟಡದ ಕೆಲಸ ಶುರುವಾದದ್ದು 1989ರಲ್ಲಿ. ಆಗಲೇ ಬಹಳ ಜನ ಬೇಡ ಅಂದರು. ಕಾದಂಬರಿ ಬರೆದ ಶಿವರಾಮ ಕಾರಂತರ ಹೆಸರು ಕೇಳಿದ್ದೀರಲ್ಲ? ಅವರು 87ನೇ ವಯಸ್ಸಿನಲ್ಲಿ, ಪರಿಸರ ಉಳಿಯಬೇಕು ಅಂತ, ಅದೇ ವರ್ಷ ಉತ್ತರ ಕನ್ನಡದಿಂದ ಲೋಕಸಭೆ ಚುನಾವಣೆಗೆ ನಿಂತರು. ಗೆಲ್ಲಲಿಲ್ಲ. ಕೆಲಸ ನಡೆಯಿತು. ಇಂಥ ಕೆಲಸಕ್ಕೆ ಮುಂಚೆ ಊರ ಜನರನ್ನ ಸಭೆ ಕರೆದು ಕೇಳಲೇಬೇಕು ಅನ್ನುವ ನಿಯಮ ಆಗ ಇರಲಿಲ್ಲ.

1994ರ ಮೇ ತಿಂಗಳಲ್ಲಿ, ಕಟ್ಟುತ್ತಿದ್ದ ಗುಮ್ಮಟದ ಕಾಂಕ್ರೀಟು ಕುಸಿದು ಬಿತ್ತು. ಒಳಗೆ ಇನ್ನೂ ಯುರೇನಿಯಂ ತುಂಬಿರಲಿಲ್ಲ. ಹಾಗಾಗಿ ವಿಕಿರಣ ಹೊರಗೆ ಬರಲಿಲ್ಲ. ಮತ್ತೆ ಕಟ್ಟಿದರು. 2000ದ ಕೊನೆಯ ಹೊತ್ತಿಗೆ ಎರಡು ಘಟಕಗಳು ಕರೆಂಟು ಕೊಡೋಕೆ ಶುರು ಮಾಡಿದ್ದವು. 2007ರಲ್ಲಿ ಮೂರನೆಯದು, 2011ರಲ್ಲಿ ನಾಲ್ಕನೆಯದು ಬಂತು. ಒಂದೊಂದು 220 ಮೆಗಾವ್ಯಾಟಿನದು. ಒಂದನೇ ಘಟಕ 2016ರಿಂದ 2018ರ ಕೊನೆಯವರೆಗೆ 962 ದಿನ ನಿಲ್ಲದೆ ನಡೆದು ಲೋಕದಲ್ಲೇ ದಾಖಲೆ ಮಾಡಿತು. ಇದು ಹೆಮ್ಮೆಯ ಮಾತು. 2009ರ ನವೆಂಬರಿನಲ್ಲಿ ಅಲ್ಲಿನ ಕೆಲಸಗಾರರು ಕುಡಿಯುವ ನೀರಿಗೆ ವಿಕಿರಣ ಇರುವ ಭಾರಜಲ ಬೆರೆತಿತ್ತು. ಯಾರೋ ಬೇಕಂತಲೇ ಬೆರೆಸಿದ್ದಾರೆ ಅಂತ ಅಧಿಕಾರಿಗಳು ಹೇಳಿದರು. ಇದು ಚಿಂತೆಯ ಮಾತು. ಎರಡೂ ನಿಜ. ಎರಡನ್ನೂ ತಿಳಿದುಕೊಂಡವರೇ ಸರಿಯಾದ ಪ್ರಶ್ನೆ ಕೇಳ್ತಾರೆ.

ಈಗ ಕಾಯ್ದೆಗೆ ಬರೋಣ. 1997ರಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ತಂತು. ದೊಡ್ಡ ಯೋಜನೆಗೆ ಪರಿಸರದ ಅನುಮತಿ ಕೊಡುವ ಮುಂಚೆ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು ಅಂತ. 2006ರ ಸೆಪ್ಟೆಂಬರಿನಲ್ಲಿ ಆ ನಿಯಮವನ್ನ ಇನ್ನೂ ವಿವರವಾಗಿ ಬರೆದರು. ಎಲ್ಲ ಕಾರ್ಖಾನೆಗೂ ಈ ಸಭೆ ಇರೋದಿಲ್ಲ. ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಅಂತ ಪಟ್ಟಿ ಇದೆ. ಅಣುವಿದ್ಯುತ್ ಸ್ಥಾವರಕ್ಕೆ ಬೇಕು. ಕೈಗಾದಲ್ಲಿ 700 ಮೆಗಾವ್ಯಾಟಿನ ಇನ್ನೆರಡು ಘಟಕ, ಅಂದರೆ 5 ಮತ್ತು 6ನೇ ಘಟಕ ಕಟ್ಟಲು ಹೊರಟಾಗ, 2018ರ ಡಿಸೆಂಬರ್ 15ರಂದು ಈ ಸಭೆ ನಡೆಯಿತು. ಕಾಡು ಹೋಗುತ್ತೆ, ಆರೋಗ್ಯ ಕೆಡುತ್ತೆ ಅಂತ ವಿರೋಧ ಹೇಳಿದವರು ಅಲ್ಲಿದ್ದರು.

ಸಭೆ ಹೇಗೆ ನಡೆಯಬೇಕು? ಗಮನ ಕೊಟ್ಟು ಕೇಳಿ.

ಸಭೆಗೆ ಕನಿಷ್ಠ 30 ದಿನ ಮುಂಚೆ ಪೇಪರಿನಲ್ಲಿ ಪ್ರಕಟಣೆ ಕೊಡಬೇಕು. ಒಂದು ನಮ್ಮ ಭಾಷೆಯ ಪೇಪರು ಆಗಿರಲೇಬೇಕು. ಪೇಪರು ಬಾರದ ಊರಿದ್ದರೆ ತಮಟೆ ಹೊಡೆಸಿ ಸಾರಬೇಕು ಅಂತ ನಿಯಮದಲ್ಲೇ ಬರೆದಿದೆ. ಯೋಜನೆಯಿಂದ ಏನೇನು ಆಗುತ್ತೆ ಅನ್ನುವ ವರದಿಯ ಸಾರಾಂಶ ಕನ್ನಡದಲ್ಲಿ ಇರಬೇಕು. ಅದು ಜಿಲ್ಲಾಧಿಕಾರಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯಿತಿಯಲ್ಲಿ ಓದಲು ಸಿಗಬೇಕು.

ಸಭೆ ಏರ್ಪಡಿಸೋದು ಮಾಲಿನ್ಯ ನಿಯಂತ್ರಣ ಮಂಡಳಿ. ಅಧ್ಯಕ್ಷತೆ ಜಿಲ್ಲಾಧಿಕಾರಿಯದು, ಇಲ್ಲವೇ ಅವರು ಕಳಿಸಿದ ದೊಡ್ಡ ಅಧಿಕಾರಿಯದು. ಬಂದ ಪ್ರತಿಯೊಬ್ಬರಿಗೂ ಕೇಳುವ ಅವಕಾಶ ಕೊಡಬೇಕು. ಹೆಣ್ಣು, ಗಂಡು, ಕೂಲಿಯವರು, ಜಮೀನಿನವರು ಅಂತ ಭೇದ ಇಲ್ಲ. ಎಲ್ಲವನ್ನೂ ವೀಡಿಯೊ ಮಾಡಬೇಕು. ಕೊನೆಗೆ, ಯಾರು ಏನು ಹೇಳಿದರು ಅನ್ನೋದನ್ನ ನಮ್ಮ ಭಾಷೆಯಲ್ಲೇ ಎಲ್ಲರ ಮುಂದೆ ಓದಿ ಹೇಳಬೇಕು. ದೂರದಲ್ಲಿರುವವರು, ತಮಗೂ ಇದರಿಂದ ಬಾಧೆ ಇದೆ ಅನ್ನೋರು ಬರೆದು ಕಳಿಸಬಹುದು.

ಇನ್ನೊಂದು ಮಾತು. ಈ ಸಭೆಗೆ ಇಷ್ಟೇ ಜನ ಸೇರಬೇಕು ಅನ್ನುವ ಲೆಕ್ಕ ಇಲ್ಲ. ಸಾವಿರ ಜನ ಬಂದರೂ ಸಭೆಯೇ, ಹತ್ತು ಜನ ಬಂದರೂ ಸಭೆಯೇ. "ನಾವು ಹೋಗದೆ ಇದ್ದರೆ ಸಭೆ ನಿಲ್ಲುತ್ತೆ" ಅಂತ ತಿಳಿಯಬೇಡಿ. ಸಭೆ ನಡೆಯುತ್ತೆ. ನಮ್ಮ ಮಾತು ಮಾತ್ರ ಅದರಲ್ಲಿ ಇರೋದಿಲ್ಲ.

"ಹೇಳಿದರೆ ಆಗುತ್ತಾ?" ಅಂತ ಕೇಳ್ತೀರಿ. ನಿಜ ಹೇಳಬೇಕು ಅಂದರೆ, ಕೆಲವು ಸಲ ಆಗುತ್ತೆ, ಕೆಲವು ಸಲ ಇಲ್ಲ. ಕೈಗಾದ 5 ಮತ್ತು 6ನೇ ಘಟಕಕ್ಕೆ ಮರುವರ್ಷ, 2019ರಲ್ಲಿ, ಪರಿಸರದ ಅನುಮತಿ ಸಿಕ್ಕಿತು. ಅಭಿಪ್ರಾಯ ಕೇಳೋದು ಬೇರೆ, ಒಪ್ಪಿಗೆ ಪಡೆಯೋದು ಬೇರೆ. ಈ ನಿಯಮದಲ್ಲಿ ಕೇಳಬೇಕು ಅಂತಿದೆ. ಜನ ಬೇಡ ಅಂದರೆ ನಿಲ್ಲಿಸಲೇಬೇಕು ಅಂತಿಲ್ಲ. ಲಗ್ನಪತ್ರಿಕೆ ಅಚ್ಚಾದ ಮೇಲೆ ಹುಡುಗಿಯ ಮನಸ್ಸು ಕೇಳಿದ ಹಾಗೆ ಅಂತ ಕೆಲವರು ಬೇಸರ ಪಡ್ತಾರೆ.

ಆದರೆ ಬದನೆಕಾಯಿ ಕಥೆಯನ್ನೂ ಕೇಳಿ. ಕಾಯಿಕೊರಕ ಹುಳು ಬೀಳದ ಹಾಗೆ ವಿಜ್ಞಾನಿಗಳು ಬದನೆಯ ತಳಿಯನ್ನೇ ಬದಲಾಯಿಸಿದ್ದರು. ಅದಕ್ಕೆ ಬಿಟಿ ಬದನೆ ಅಂತ ಹೆಸರು. 2009ರಲ್ಲಿ ಅದನ್ನ ಬೆಳೆಯಬಹುದು ಅಂತ ಒಂದು ಸರ್ಕಾರಿ ಸಮಿತಿ ಹೇಳಿತು. ಆಗ ಪರಿಸರ ಸಚಿವರಾಗಿದ್ದ ಜೈರಾಂ ರಮೇಶ್ ಅವರು 7 ಊರುಗಳಲ್ಲಿ ಜನರ ಸಭೆ ನಡೆಸಿದರು. ಕೊನೆಯ ಸಭೆ ನಮ್ಮ ಬೆಂಗಳೂರಿನಲ್ಲಿ, 2010ರ ಫೆಬ್ರವರಿ 6ರಂದು. ರೈತರು, ವಿಜ್ಞಾನಿಗಳು, ವೈದ್ಯರು ಮಾತಾಡಿದರು. ಬೇಕು ಅಂದವರೂ ಇದ್ದರು, ಬೇಡ ಅಂದವರೂ ಇದ್ದರು. ಮೂರು ದಿನ ಕಳೆದು ಸಚಿವರು, ಇನ್ನಷ್ಟು ಪರೀಕ್ಷೆ ಆಗುವವರೆಗೆ ಬಿಟಿ ಬದನೆ ಬೇಡ ಅಂತ ತಡೆ ಹಾಕಿದರು. ಹುಳು, ಬೀಜ, ಅಡುಗೆ ಇದೆಲ್ಲ ಹೊಲದಲ್ಲಿ, ಒಲೆ ಮುಂದೆ ದುಡಿಯೋರಿಗೂ ಗೊತ್ತಿರುವ ವಿಚಾರವೇ ಅಲ್ವಾ?

ಕೇಳುವ ಭಾಷೆಯೂ ಮುಖ್ಯ. 2020ರಲ್ಲಿ, ಕೊರೋನಾ ಕಾಲದಲ್ಲಿ, ಈ ಪರಿಸರ ನಿಯಮಗಳನ್ನೇ ಬದಲಾಯಿಸುವ ಕರಡು ಬಂತು. ಕರಡು ಅಂದರೆ ಇನ್ನೂ ಗಟ್ಟಿಯಾಗದ ಬರಹ. ಜನ ಅಭಿಪ್ರಾಯ ಹೇಳಿ ಅಂದರು. ಆದರೆ ಅದು ಇದ್ದದ್ದು ಇಂಗ್ಲಿಷು, ಹಿಂದಿಯಲ್ಲಿ. ಕನ್ನಡ ಮಾತ್ರ ಬಲ್ಲವರು ಏನು ಹೇಳೋದು? ಮೊದಲು ದೆಹಲಿ ಹೈಕೋರ್ಟು ಬೇರೆ ಭಾಷೆಗಳಿಗೂ ಅನುವಾದ ಮಾಡಿ ಅಂತು. ಆಗಸ್ಟಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟು, ಜನರ ಭಾಷೆಯಲ್ಲಿ ಸಾಕಷ್ಟು ಪ್ರಚಾರ ಆಗಿಲ್ಲ ಅಂತ, ಆ ಕರಡನ್ನ ಗಟ್ಟಿ ಮಾಡದಂತೆ ಕೆಲವು ದಿನ ತಡೆಯಿತು. ನಮಗೆ ತಿಳಿಯದ ಭಾಷೆಯಲ್ಲಿ ಕೇಳೋದು, ಕೇಳಿದ ಹಾಗಲ್ಲ. ಕನ್ನಡದಲ್ಲಿ ಕೊಡಿ ಅಂತ ಕೇಳೋದಕ್ಕೆ ಹಿಂಜರಿಯಬೇಡಿ.

ಈ ಹಕ್ಕು ಕೊಟ್ಟ ಹಾಗೇ ಇರುತ್ತೆ ಅಂತಲೂ ಅಲ್ಲ. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ, ಯುರೇನಿಯಂನಂಥ ಖನಿಜಗಳ ಗಣಿಗೆ ಜನರ ಸಭೆ ಬೇಡ ಅಂತ ಹೇಳಿತು. ದೇಶದ ರಕ್ಷಣೆಗೆ, ಅಣುಶಕ್ತಿಗೆ ಅವು ಬೇಕು ಅನ್ನೋದು ಕಾರಣ. ಅದೇ ವರ್ಷ ಡಿಸೆಂಬರಿನಲ್ಲಿ ಸಂಸತ್ತು ಅಣುಶಕ್ತಿಗೆ ಹೊಸ ಕಾಯ್ದೆ ಮಾಡಿ, ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯಿತು. ಅಂದರೆ ಮುಂದೆ ಇಂಥ ಪ್ರಶ್ನೆಗಳು ಹೆಚ್ಚಾಗ್ತವೆ. ಬಳಸದ ದಾರಿಯಲ್ಲಿ ಮುಳ್ಳು ಬೆಳೆಯುತ್ತೆ. ಕೇಳುವ ದಾರಿಯೂ ಹಾಗೆ, ನಡೆದಾಡಿದರೆ ಉಳಿಯುತ್ತೆ.

ಹಾಗಾದರೆ ಸಭೆಯಲ್ಲಿ ಏನು ಕೇಳೋದು? ದೊಡ್ಡ ಮಾತು ಬೇಡ. ಮನೆ ನಡೆಸುವ ಹೆಂಗಸು ಕೇಳುವ ಮಾತೇ ಸಾಕು.

1. ನೀರು ಎಲ್ಲಿಂದ ತಗೋತೀರಿ? ಬಳಸಿದ ನೀರು ಎಲ್ಲಿಗೆ ಬಿಡ್ತೀರಿ?
2. ಕಸ ಎಲ್ಲಿ ಇಡ್ತೀರಿ? ಎಷ್ಟು ವರ್ಷ ಇಡ್ತೀರಿ?
3. ಅನಾಹುತ ಆದರೆ ನಮಗೆ ಯಾರು ತಿಳಿಸ್ತಾರೆ? ಮಕ್ಕಳನ್ನ ಕರಕೊಂಡು ಯಾವ ಕಡೆ ಹೋಗಬೇಕು?
4. ಜಮೀನು ಹೋದವರಿಗೆ ಏನು? ಕೆಲಸ ಯಾರಿಗೆ? ಹೆಣ್ಣಾಳಿಗೂ ಇದೆಯಾ?
5. ಹೇಳಿದ ಹಾಗೆ ನಡೆದುಕೊಂಡಿರಾ ಅಂತ ನೋಡುವವರು ಯಾರು?

ಇವುಗಳಿಗೆ ಉತ್ತರ ಕೊಡೋಕೆ ವಿಜ್ಞಾನಿ ಬೇಕು. ಕೇಳೋಕೆ ಬೇಡ. ನೀವು ಎತ್ತಿದ ಪ್ರಶ್ನೆ ಸಭೆಯ ಬರಹದಲ್ಲಿ ಸೇರಬೇಕು, ಯೋಜನೆಯವರು ಅದಕ್ಕೆ ಉತ್ತರ ಕೊಡಬೇಕು. ಅನುಮತಿ ಕೊಟ್ಟರೂ ಅದರ ಜೊತೆ ಷರತ್ತುಗಳು ಇರ್ತವೆ. ಕಸ ಹೀಗೆ ಇಡಬೇಕು, ನೀರು ಹೀಗೆ ಬಿಡಬೇಕು ಅಂತ. ನಾಳೆ ತಪ್ಪಿದರೆ ಆ ಷರತ್ತು ತೋರಿಸಿ ಕೇಳಬಹುದು.

ಎರಡು ಎಚ್ಚರಿಕೆ. ಸಭೆಯಲ್ಲಿ ಹಾಜರಿ ಹಾಳೆಗೆ ಸಹಿ ಕೇಳ್ತಾರೆ. ಹಾಳೆಯ ತಲೆಯ ಮೇಲೆ ಏನು ಬರೆದಿದೆ ಅಂತ ಮೊದಲು ಓದಿ. "ಹಾಜರಿದ್ದವರು" ಅಂತ ಇದ್ದರೆ ಸಹಿ ಮಾಡಿ. ಖಾಲಿ ಹಾಳೆಗೆ ಮಾತ್ರ ಯಾರು ಹೇಳಿದರೂ ಸಹಿ ಮಾಡಬೇಡಿ. ಹಾಜರಿ ಬೇರೆ, ಒಪ್ಪಿಗೆ ಬೇರೆ. ಇನ್ನೊಂದು, ಕೊನೆಯವರೆಗೆ ಕೂತಿರಿ. ಅವರು ಓದಿ ಹೇಳುವಾಗ ನಿಮ್ಮ ಮಾತು ಬಿಟ್ಟಿದ್ದರೆ ಎದ್ದು ನಿಂತು, "ಸ್ವಾಮಿ, ನಾನು ಹೇಳಿದ್ದು ಸೇರಿಲ್ಲ, ಸೇರಿಸಿ" ಅನ್ನಿ.

ಬಾಯಲ್ಲಿ ಹೇಳೋಕೆ ಅಂಜಿಕೆಯಾದರೆ ಬರೆದು ಕೊಡಿ. ಹೀಗೆ ನಾಲ್ಕು ಸಾಲು ಸಾಕು:

"ಜಿಲ್ಲಾಧಿಕಾರಿಗಳಿಗೆ ನಮಸ್ಕಾರಗಳು. ನಾನು ಈ ಊರಿನವಳು. ನಮ್ಮ ಮನೆಗೆ ಕುಡಿಯುವ ನೀರು ಊರಿನ ಕೊಳವೆಬಾವಿಯಿಂದ ಬರುತ್ತದೆ. ಈ ಯೋಜನೆಯಿಂದ ಆ ನೀರಿಗೆ ಏನಾಗುತ್ತದೆ ಎಂದು ತಿಳಿಸಿ. ನನ್ನ ಪ್ರಶ್ನೆಯನ್ನು ಬರಹದಲ್ಲಿ ಸೇರಿಸಿ."

ಕೆಳಗೆ ಹೆಸರು, ಊರು, ತಾರೀಖು, ಸಹಿ. ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮೊಹರು ಹಾಕಿಸಿಕೊಂಡು ಜೋಪಾನ ಮಾಡಿ.

"ಬಾಯಿ ಬಿಟ್ಟರೆ ಬಣ್ಣಗೇಡು" ಅಂತ ಹೇಳಿ ಹೇಳಿ ಹೆಣ್ಣುಮಕ್ಕಳನ್ನ ಸುಮ್ಮನಿರಿಸಿದರು. ಆದರೆ ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಅನ್ನುವ ಗಾದೆಯೂ ನಮ್ಮ ಹಿರಿಯರದೇ. ನಾವು ಎರಡನೆಯದನ್ನ ಹಿಡಿಯೋಣ.

ಮುಂದಿನ ವಾರ ಕ್ಲಾಸಿಗೆ ಬರುವಾಗ ಒಬ್ಬೊಬ್ಬರೂ ಒಂದೊಂದು ಪ್ರಶ್ನೆ ಬರೆದು ತನ್ನಿ. ನಮ್ಮೂರ ನೀರಿನದಿರಲಿ, ಗಾಳಿಯದಿರಲಿ, ಕರೆಂಟಿನದಿರಲಿ. ಅಕ್ಷರ ಸೊಟ್ಟ ಆದರೂ ಚಿಂತೆಯಿಲ್ಲ, ಪ್ರಶ್ನೆ ನೆಟ್ಟಗಿರಲಿ. ಎಲ್ಲವನ್ನೂ ಕೂತು ಓದೋಣ.