ಕಣಕ್ಕಿಳಿಯುವ ಘಳಿಗೆಯ ಪ್ರಶ್ನೆ

(ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಓದುಗರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾವಿಂದು ಆಯ್ದುಕೊಂಡಿರುವ ವಿಷಯವು ದಿಲ್ಲಿಗೆ ಸಂಬಂಧಿಸಿದ್ದು, ನಮ್ಮ ಊರಿಗೆ ಸಂಬಂಧಿಸಿದ್ದಲ್ಲ ಎಂದು ಕೆಲವರಿಗೆ ಅನಿಸಬಹುದು. ರಾಷ್ಟ್ರಪತಿ ಚುನಾವಣೆಯಲ್ಲಿ ಜನಸಾಮಾನ್ಯರಿಗೆ ಮತವಿಲ್ಲ. ಆದ್ದರಿಂದ ಅದರ ಕುರಿತು ಚಿಂತಿಸುವ ಅಗತ್ಯವೂ ಇಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಆ ಚುನಾವಣೆಯ ಮತದಾರರನ್ನು ಆರಿಸಿ ಕಳುಹಿಸಿದವರು ನಾವೇ ಎಂಬುದನ್ನು ಮರೆಯಬಾರದು. 2022ರ ರಾಷ್ಟ್ರಪತಿ ಚುನಾವಣೆಯಲ್ಲಿ ಕರ್ನಾಟಕದ ಪ್ರತಿಯೊಬ್ಬ ಶಾಸಕರ ಮತದ ಮೌಲ್ಯ 131 ಆಗಿತ್ತು. 1971ರ ಜನಗಣತಿಯ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದುದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಈ ಅಂಕಿ ದೊರೆಯುತ್ತದೆ. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಹನೂರು ಎಂಬ ಈ ಜಿಲ್ಲೆಯ ನಾಲ್ಕು ಕ್ಷೇತ್ರಗಳ ಮತಮೌಲ್ಯ ಒಟ್ಟು 524.

ಗುಂಡ್ಲುಪೇಟೆಯ ಜನರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. 2017ರ ಜನವರಿಯಲ್ಲಿ ಸಚಿವ ಎಚ್.ಎಸ್. ಮಹದೇವ ಪ್ರಸಾದ್ ನಿಧನರಾದಾಗ ಆ ಕ್ಷೇತ್ರ ತೆರವಾಯಿತು. ಏಪ್ರಿಲ್‌ನಲ್ಲಿ ಉಪಚುನಾವಣೆ ನಡೆದು ಅವರ ಪತ್ನಿ ಗೀತಾ ಮಹದೇವ ಪ್ರಸಾದ್ ಆಯ್ಕೆಯಾದರು. ಅದೇ ಜುಲೈ 17ರಂದು ರಾಷ್ಟ್ರಪತಿ ಚುನಾವಣೆಯ ಮತದಾನವಿತ್ತು. ಉಪಚುನಾವಣೆ ಆ ದಿನದ ನಂತರಕ್ಕೆ ಮುಂದೆ ಹೋಗಿದ್ದರೆ ಗುಂಡ್ಲುಪೇಟೆಯ ಪಾಲಿನ ಮತ ಆ ಲೆಕ್ಕದಲ್ಲಿ ಇರುತ್ತಲೇ ಇರಲಿಲ್ಲ. ರಾಜಕಾರಣದಲ್ಲಿ ಒಂದು ಕೆಲಸ ಯಾವಾಗ ನಡೆಯಿತು ಎಂಬುದು, ಏನು ನಡೆಯಿತು ಎಂಬುದರಷ್ಟೇ ಮುಖ್ಯ.

ಸರ್ವೋಚ್ಚ ಹುದ್ದೆಗೆ ಸ್ಪರ್ಧಿಸುವುದು ಅಪರಾಧವಲ್ಲ. ಆದರೆ ಒಬ್ಬ ವ್ಯಕ್ತಿ ಯಾವ ಘಳಿಗೆಯಲ್ಲಿ, ಯಾವ ಕುರ್ಚಿಯಲ್ಲಿ ಕುಳಿತು, ಯಾರ ಕರೆಗೆ ಓಗೊಟ್ಟು ಆ ನಿರ್ಧಾರ ಮಾಡುತ್ತಾನೆ? ಭಾಷಣಗಳಲ್ಲಿ ಸಿಗದ ಸತ್ಯ ಅನೇಕ ಬಾರಿ ಈ ಪ್ರಶ್ನೆಯಲ್ಲಿ ಸಿಗುತ್ತದೆ. ಇದಕ್ಕೆ ಅತ್ಯುತ್ತಮ ಪಾಠವಿರುವುದು ನಮ್ಮದೇ ರಾಜ್ಯದ ರಾಜಧಾನಿಯಲ್ಲಿ ನಡೆದ ಒಂದು ಘಟನೆಯಲ್ಲಿ.

1969ರ ಮೇ 3ರಂದು ರಾಷ್ಟ್ರಪತಿ ಡಾ. ಝಾಕಿರ್ ಹುಸೇನ್ ನಿಧನರಾದರು. ಅಧಿಕಾರದಲ್ಲಿರುವಾಗಲೇ ತೀರಿಕೊಂಡ ಮೊದಲ ರಾಷ್ಟ್ರಪತಿ ಅವರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಗಿರಿಯವರು ನಮ್ಮ ರಾಜ್ಯಕ್ಕೆ ಅಪರಿಚಿತರಲ್ಲ. 1965ರಿಂದ 1967ರವರೆಗೆ ಅವರು ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಅವರಿಗಿಂತ ಮೊದಲು ಉಪರಾಷ್ಟ್ರಪತಿಗಳಾಗಿದ್ದ ಡಾ. ರಾಧಾಕೃಷ್ಣನ್ ಮತ್ತು ಡಾ. ಝಾಕಿರ್ ಹುಸೇನ್ ಇಬ್ಬರೂ ರಾಷ್ಟ್ರಪತಿ ಸ್ಥಾನಕ್ಕೇರಿದ್ದರು. ತಮ್ಮ ಸರದಿ ಬಂದಿದೆಯೆಂದು ಗಿರಿ ಭಾವಿಸಿದ್ದರೆ ಅದು ಅಸಹಜವೇನಲ್ಲ.

ಆದರೆ ಕಾಂಗ್ರೆಸ್ಸಿನ ಲೆಕ್ಕಾಚಾರ ಬೇರೆಯಿತ್ತು. ಆಗ ಪಕ್ಷದ ಅಧ್ಯಕ್ಷರಾಗಿದ್ದವರು ನಮ್ಮವರೇ ಆದ ಎಸ್. ನಿಜಲಿಂಗಪ್ಪ. ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಪಕ್ಷದ ಅಧಿವೇಶನ ನಡೆಯಿತು. ಅಲ್ಲಿ ಸೇರಿದ ಸಂಸದೀಯ ಮಂಡಳಿಯು ಪ್ರಧಾನಿ ಇಂದಿರಾ ಗಾಂಧಿಯವರ ಇಚ್ಛೆಗೆ ವಿರುದ್ಧವಾಗಿ ಲೋಕಸಭಾಧ್ಯಕ್ಷ ನೀಲಂ ಸಂಜೀವ ರೆಡ್ಡಿಯವರನ್ನು ಬಹುಮತದಿಂದ ಅಭ್ಯರ್ಥಿಯನ್ನಾಗಿ ಆರಿಸಿತು. ಇಂದಿರಾ ಅವರು ಮುಂದಿಟ್ಟಿದ್ದ ಹೆಸರು ಜಗಜೀವನ್ ರಾಮ್ ಅವರದ್ದಾಗಿತ್ತು. ಈ ನಿರ್ಧಾರ ಹೊರಬಿದ್ದ ಬೆನ್ನಲ್ಲೇ ಗಿರಿಯವರು ಸ್ವತಂತ್ರವಾಗಿ ಸ್ಪರ್ಧಿಸುವುದಾಗಿ ಸಾರಿದರು. ಅಲ್ಲಿಯವರೆಗೆ ಕಾದವರು ಇನ್ನು ಕಾಯಲಿಲ್ಲ.

ಮುಂದಿನ ಕೆಲವು ದಿನಗಳನ್ನು ಎಚ್ಚರದಿಂದ ಅವಲೋಕಿಸಬೇಕು. ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆಗೆ ಹಂಗಾಮಿ ರಾಷ್ಟ್ರಪತಿಯಾಗಿ ಗಿರಿಯವರೇ ಸಹಿ ಹಾಕಿದರು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಆ ಪಟ್ಟಿಯಲ್ಲಿದ್ದವು. ಅದೇ ದಿನ ಸಂಜೀವ ರೆಡ್ಡಿ ಲೋಕಸಭಾಧ್ಯಕ್ಷ ಸ್ಥಾನವನ್ನು ತೊರೆದರು. ಮರುದಿನ, ಜುಲೈ 20ರಂದು, ಗಿರಿ ರಾಜೀನಾಮೆ ನೀಡಿದರು. ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ರಾಷ್ಟ್ರಪತಿಯ ಕರ್ತವ್ಯವನ್ನು ವಹಿಸಿಕೊಂಡರು. ಅದಕ್ಕೆ ಅವಕಾಶ ಕಲ್ಪಿಸುವ ಕಾನೂನನ್ನು ಸಂಸತ್ತು ಅದೇ ಮೇ ತಿಂಗಳಲ್ಲಿ ಮಾಡಿತ್ತು. ಇಲ್ಲದಿದ್ದರೆ ಗಿರಿಯವರ ರಾಜೀನಾಮೆಯಿಂದ ದೇಶದ ಪ್ರಥಮ ಸ್ಥಾನವೇ ಖಾಲಿಯಾಗುತ್ತಿತ್ತು.

ಗಿರಿ ನಡೆದುಕೊಂಡದ್ದು ಸರಿಯೇ? ಸಂವಿಧಾನದ 58ನೇ ವಿಧಿಯ ಪ್ರಕಾರ ರಾಷ್ಟ್ರಪತಿ, ಉಪರಾಷ್ಟ್ರಪತಿ, ರಾಜ್ಯಪಾಲ ಮತ್ತು ಸಚಿವರ ಸ್ಥಾನಗಳನ್ನು ಸ್ಪರ್ಧೆಗೆ ಅಡ್ಡಿಯಾಗುವ ಲಾಭದಾಯಕ ಹುದ್ದೆಯೆಂದು ಪರಿಗಣಿಸುವುದಿಲ್ಲ. ಅಂದರೆ ಅವರು ಕುರ್ಚಿ ಬಿಡದೆಯೇ ಸ್ಪರ್ಧಿಸಬಹುದಿತ್ತು. ಕಾನೂನು ಒತ್ತಾಯಿಸದಿದ್ದರೂ ಅವರು ಹುದ್ದೆ ಬಿಟ್ಟರು. ಸೋತಿದ್ದರೆ ಅವರ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಇದು ಅವರ ಪರವಾದ ಮಾತು.

ಆದರೆ ಇನ್ನೊಂದು ಮಗ್ಗುಲೂ ಇದೆ. ಸ್ಪರ್ಧೆ ಸಾರಿದ ಮೇಲೂ ಕೆಲವು ದಿನ ಅವರು ರಾಷ್ಟ್ರದ ಮುಖ್ಯಸ್ಥರಾಗಿದ್ದರು. ಪ್ರಧಾನಿಯ ಅತ್ಯಂತ ಮಹತ್ವದ ಆಜ್ಞೆಗೆ ಸಹಿ ಹಾಕಿದರು. ಮುಂದೆ ಅದೇ ಪ್ರಧಾನಿಯ ಬೆಂಬಲದಿಂದ ಗೆದ್ದರು. ರಾಷ್ಟ್ರಪತಿಯು ಸಚಿವ ಸಂಪುಟದ ಸಲಹೆಯಂತೆ ನಡೆಯಬೇಕಾದವರು. ಆದ್ದರಿಂದ ಆ ಸಹಿಯಲ್ಲಿ ಅಕ್ರಮವಿರಲಿಲ್ಲ. ಆದರೂ ಅಭ್ಯರ್ಥಿಯ ಲೇಖನಿಯೂ ರಾಷ್ಟ್ರಪತಿಯ ಲೇಖನಿಯೂ ಒಂದೇ ಆಗಿದ್ದ ಆ ದಿನಗಳ ಬಗ್ಗೆ ಪ್ರಶ್ನೆ ಏಳುವುದು ಸಹಜ. ಸಾರಿದ ದಿನವೇ ಕುರ್ಚಿ ತೊರೆದಿದ್ದರೆ ಆ ಪ್ರಶ್ನೆಗೆ ಎಡೆಯೇ ಇರುತ್ತಿರಲಿಲ್ಲ.

ಆಗಸ್ಟ್ 16ರಂದು ಮತದಾನವಾಯಿತು. ಸಂಜೀವ ರೆಡ್ಡಿಯವರ ನಾಮಪತ್ರಕ್ಕೆ ಸಹಿ ಮಾಡಿದ್ದ ಪ್ರಧಾನಿಯೇ ಕೊನೆಯಲ್ಲಿ ಆತ್ಮಸಾಕ್ಷಿಗೆ ಅನುಸಾರವಾಗಿ ಮತ ಹಾಕಿರೆಂದು ಕರೆ ನೀಡಿದರು. ಪ್ರಥಮ ಪ್ರಾಶಸ್ತ್ಯದ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ಸ್ವತಂತ್ರ ಪಕ್ಷ ಮತ್ತು ಜನಸಂಘದ ಬೆಂಬಲವಿದ್ದ ಸಿ.ಡಿ. ದೇಶಮುಖ್ ಅವರಿಗೆ 1,12,769 ಮೌಲ್ಯದ ಮತಗಳು ದೊರೆತವು. ಯಾರಿಗೂ ಅಗತ್ಯ ಬಹುಮತ ಬರಲಿಲ್ಲ. ದ್ವಿತೀಯ ಪ್ರಾಶಸ್ತ್ಯದ ಮತಗಳನ್ನು ಸೇರಿಸಿದಾಗ ಗಿರಿ 4,20,077 ಮತ್ತು ರೆಡ್ಡಿ 4,05,427 ಪಡೆದರು. ಅಂತರ ಹದಿನೈದು ಸಾವಿರಕ್ಕಿಂತಲೂ ಕಡಿಮೆ.

ಬೆಂಗಳೂರಿನಲ್ಲಿ ಬಿದ್ದ ಬಿರುಕು ಅಲ್ಲಿಗೆ ನಿಲ್ಲಲಿಲ್ಲ. ನವೆಂಬರ್‌ನಲ್ಲಿ ನಿಜಲಿಂಗಪ್ಪನವರ ಬಣವು ಇಂದಿರಾ ಗಾಂಧಿಯವರನ್ನು ಉಚ್ಚಾಟಿಸಿತು ಮತ್ತು ಕಾಂಗ್ರೆಸ್ ಇಬ್ಭಾಗವಾಯಿತು. ಮೈಸೂರು ರಾಜ್ಯದಲ್ಲಿ ವೀರೇಂದ್ರ ಪಾಟೀಲರ ಸರಕಾರ ನಿಜಲಿಂಗಪ್ಪನವರ ಬಣದಲ್ಲಿ ಉಳಿದು 1971ರಲ್ಲಿ ಪತನಗೊಂಡಿತು. 1972ರಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾದರು. ಅದೇ ಅವಧಿಯಲ್ಲಿ ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ ವಿಧಾನಸಭೆಯ ಅಧ್ಯಕ್ಷ ಪೀಠವೇರಿದ ಮೊದಲ ಮಹಿಳೆಯಾದರು. ಹಾವನೂರು ಆಯೋಗ ಬಂತು, 1974ರಲ್ಲಿ ಭೂಸುಧಾರಣಾ ಕಾನೂನಿಗೆ ತಿದ್ದುಪಡಿ ಬಂತು. ಇವೆಲ್ಲವೂ ಒಬ್ಬರ ಸ್ಪರ್ಧೆಯ ಫಲವೆಂದು ನಾವು ಹೇಳುವುದಿಲ್ಲ. ಆದರೆ ಬೆಂಗಳೂರಿನ ಆ ಜುಲೈಯಿಂದ ಎದ್ದ ಅಲೆ ಈ ರಾಜ್ಯದ ಅಧಿಕಾರದ ನಕ್ಷೆಯನ್ನು ಬದಲಿಸಿತೆಂಬುದರಲ್ಲಿ ಸಂದೇಹವಿಲ್ಲ.

ಇದಕ್ಕೆ ಎರಡು ವರ್ಷ ಹಿಂದೆ ಹೋಗೋಣ. 1967ರಲ್ಲಿ ಡಾ. ಝಾಕಿರ್ ಹುಸೇನ್ ಅವರ ಎದುರು ನಿಂತವರು ದೇಶದ ಮುಖ್ಯ ನ್ಯಾಯಮೂರ್ತಿ ಕೆ. ಸುಬ್ಬರಾವ್. ಅವರು ಏಪ್ರಿಲ್‌ನಲ್ಲಿ, ನಿವೃತ್ತಿಗೆ ಇನ್ನೂ ಕೆಲವು ತಿಂಗಳಿರುವಾಗ, ರಾಜೀನಾಮೆ ನೀಡಿ ವಿರೋಧ ಪಕ್ಷಗಳ ಅಭ್ಯರ್ಥಿಯಾದರು. ಅದೇ ಫೆಬ್ರವರಿ 27ರಂದು ಗೋಲಕನಾಥ್ ಪ್ರಕರಣದಲ್ಲಿ ಅವರ ಪೀಠವು ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವ ಅಧಿಕಾರ ಸಂಸತ್ತಿಗಿಲ್ಲವೆಂದು ತೀರ್ಪಿತ್ತಿತ್ತು. ಅಲ್ಪಸಂಖ್ಯಾತರು ಬೆಲೆಯುಳ್ಳದ್ದೆಂದು ನೆನೆಯಬೇಕಾದ ತೀರ್ಪದು. ಆದರೆ ನ್ಯಾಯಪೀಠಕ್ಕೂ ಚುನಾವಣಾ ಕಣಕ್ಕೂ ನಡುವೆ ಎರಡು ತಿಂಗಳ ಅಂತರವೂ ಇರಲಿಲ್ಲ. ತೀರ್ಪು ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದನ್ನು ಸಂಶಯದಿಂದ ನೋಡಲು ಎದುರಾಳಿಗಳಿಗೆ ಕಾರಣ ದೊರೆಯಿತು. ಸುಬ್ಬರಾವ್ ಸೋತರು. ಅವಸರದ ಹೆಜ್ಜೆ ಒಬ್ಬನ ಹಿಂದಿನ ಒಳ್ಳೆಯ ಕೆಲಸದ ಮೇಲೂ ನೆರಳು ಬೀಳಿಸಬಲ್ಲದು ಎಂಬುದು ಇಲ್ಲಿನ ಪಾಠ.

ಇನ್ನು ನಮ್ಮ ಸಮುದಾಯದ ಮನೆಮನೆಯಲ್ಲಿ ಚರ್ಚೆಯಾದ ಹೆಸರಿಗೆ ಬರೋಣ. 2002ರ ಜೂನ್ 10ರಂದು ಪ್ರಧಾನಿ ವಾಜಪೇಯಿಯವರ ಮೈತ್ರಿಕೂಟ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರ ಹೆಸರನ್ನು ಪ್ರಕಟಿಸಿತು. ಪ್ರಧಾನಿಯ ದೂರವಾಣಿ ಕರೆ ಬಂದಾಗ ಕಲಾಂ ಎರಡು ಗಂಟೆಗಳ ಕಾಲಾವಕಾಶ ಕೇಳಿ, ಆಪ್ತರೊಡನೆ ಸಮಾಲೋಚಿಸಿ ಒಪ್ಪಿದರೆಂದು ತಾವೇ ಬರೆದುಕೊಂಡಿದ್ದಾರೆ. ಕಾಂಗ್ರೆಸ್ ಕೂಡ ಬೆಂಬಲಿಸಿತು. ಎಡಪಕ್ಷಗಳು ಕ್ಯಾಪ್ಟನ್ ಲಕ್ಷ್ಮಿ ಸೆಹಗಲ್ ಅವರನ್ನು ನಿಲ್ಲಿಸಿದವು. ಕಲಾಂ ಭಾರೀ ಬಹುಮತದಿಂದ ಗೆದ್ದರು.

ಆದರೆ ಆ ಹೆಸರು ಬಂದ ಸಮಯ ಯಾವುದು? ಗುಜರಾತಿನ ಹಿಂಸಾಚಾರ ನಡೆದು ಕೆಲವೇ ತಿಂಗಳಾಗಿತ್ತು. ಕಲಾಂ ಅವರ ಅರ್ಹತೆಯ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಆ ಅರ್ಹತೆ ಆ ಘಳಿಗೆಯಲ್ಲೇ ನೆನಪಾದುದೇಕೆ ಎಂಬ ಪ್ರಶ್ನೆ ಮಾತ್ರ ನ್ಯಾಯವಾದುದು. ಒಂದು ಹೆಸರು ಗಾಯಕ್ಕೆ ಮದ್ದಾಗದು. ನಿರಾಶ್ರಿತರ ಶಿಬಿರದಲ್ಲಿದ್ದವರಿಗೆ ಬೇಕಾಗಿದ್ದುದು ನ್ಯಾಯ ಮತ್ತು ಮನೆ. ಹಾಗೆಂದು ಕಲಾಂ ಅವರನ್ನು ಕೇವಲ ಸಂಕೇತವೆಂದು ತಳ್ಳಿಹಾಕುವುದೂ ಅನ್ಯಾಯವೇ. ಅಧಿಕಾರ ವಹಿಸಿಕೊಂಡ ಬಳಿಕ, ಅದೇ ಆಗಸ್ಟ್‌ನಲ್ಲಿ, ಅವರು ಗುಜರಾತಿಗೆ ಹೋಗಿ ಸಂತ್ರಸ್ತರನ್ನು ಕಂಡರು. ಈ ಭೇಟಿ ಈಗ ಅಗತ್ಯವೇ ಎಂದು ಪ್ರಧಾನಿ ಕೇಳಿದ್ದರೆಂದೂ, ಅದು ತಮ್ಮ ಕರ್ತವ್ಯವೆಂದು ತಾವು ಭಾವಿಸಿದ್ದಾಗಿಯೂ ಕಲಾಂ ಬರೆದಿದ್ದಾರೆ. ಕರೆದವರ ಸಮಯ ಅವರ ಅನುಕೂಲದ್ದಾಗಿರಬಹುದು. ಬಂದವರು ಆ ಸ್ಥಾನವನ್ನು ಯಾವುದಕ್ಕೆ ಬಳಸಿದರೆಂಬುದು ಬೇರೆಯೇ ಲೆಕ್ಕ.

ಅದೇ ಕಲಾಂ 2007ರ ಜೂನ್‌ನಲ್ಲಿ ಎರಡನೇ ಅವಧಿಗೆ ಸ್ಪರ್ಧಿಸುವಂತೆ ತೃತೀಯ ರಂಗದ ನಾಯಕರು ಕೋರಿದಾಗ, ಗೆಲುವು ಖಚಿತವಿದ್ದರೆ ಮಾತ್ರ ಯೋಚಿಸುವುದಾಗಿ ತಿಳಿಸಿ, ಖಚಿತವಿಲ್ಲವೆಂದು ಕಂಡಾಗ ಹಿಂದೆ ಸರಿದರು. ಆಗಲೇ ಪ್ರತಿಭಾ ಪಾಟೀಲರ ಹೆಸರು ಪ್ರಕಟವಾಗಿತ್ತು. 2012ರಲ್ಲಿಯೂ ಅವರ ಹೆಸರನ್ನು ಹರಿಯಬಿಡಲಾಯಿತು. ಅವರು ಒಪ್ಪಲಿಲ್ಲ. 2022ರಲ್ಲಿ ವಿರೋಧ ಪಕ್ಷಗಳು ಶರದ್ ಪವಾರ್, ಫಾರೂಕ್ ಅಬ್ದುಲ್ಲಾ, ಗೋಪಾಲಕೃಷ್ಣ ಗಾಂಧಿ ಇವರ ಹೆಸರುಗಳನ್ನು ಯೋಚಿಸಿದವು. ಮೂವರೂ ನಿರಾಕರಿಸಿದ ಮೇಲೆ ಜೂನ್ 21ರಂದು ಯಶವಂತ ಸಿನ್ಹಾ ಅಭ್ಯರ್ಥಿಯಾದರು. ಅದೇ ದಿನ ದ್ರೌಪದಿ ಮುರ್ಮು ಅವರ ಹೆಸರೂ ಹೊರಬಂತು. ನಮ್ಮ ರಾಜ್ಯದ ಜಾತ್ಯತೀತ ಜನತಾದಳ ಮುರ್ಮು ಅವರ ಪರ ನಿಂತಿತು. ತಡವಾಗಿ, ಮೂರು ನಿರಾಕರಣೆಗಳ ನಂತರ ಹುಡುಕಿದ ಅಭ್ಯರ್ಥಿಗೆ ತನ್ನವರನ್ನೇ ಒಟ್ಟುಗೂಡಿಸುವುದು ಕಷ್ಟವೆಂಬುದನ್ನು ಆ ಫಲಿತಾಂಶ ತೋರಿಸಿತು.

ಇಲ್ಲಿ ನಾವು ಗಮನಿಸಬೇಕಾದ ಕಹಿ ಸತ್ಯವೊಂದಿದೆ. ನಮ್ಮ ಸಮುದಾಯದ ಹೆಸರುಗಳು ಎರಡು ಸಂದರ್ಭಗಳಲ್ಲಿ ಬೇಗ ನೆನಪಾಗುತ್ತವೆ. ಒಂದು, ಕರೆಯುವವರು ತಮ್ಮ ಮೇಲಿನ ಕಲೆಯನ್ನು ತೊಳೆದುಕೊಳ್ಳಬೇಕಾದಾಗ. ಇನ್ನೊಂದು, ಸೋಲು ಖಚಿತವಾಗಿದ್ದು ಯಾರಾದರೂ ನಿಲ್ಲಲೇಬೇಕಾದಾಗ. ದಿಲ್ಲಿಯಲ್ಲಿ ಕಾಣುವ ಈ ರೂಢಿ ನಗರಸಭೆ, ಪುರಸಭೆಯ ಟಿಕೆಟ್ ಹಂಚಿಕೆಯವರೆಗೂ ಇಳಿದುಬಂದಿದೆ. ಗೆಲ್ಲುವ ಕ್ಷೇತ್ರದಲ್ಲಿ ಮರೆತು, ಸೋಲುವ ಕ್ಷೇತ್ರದಲ್ಲಿ ನೆನೆಯುವವರನ್ನು ನಾವು ಉಪಕಾರಿಗಳೆಂದು ಹಾರ ಹಾಕಿ ಸ್ವಾಗತಿಸುತ್ತೇವೆ. ಹೆಸರು ಕೇಳಿದ ಕ್ಷಣ ಸಂಭ್ರಮಿಸುವುದು, ಹೆಸರು ಕೈಬಿಟ್ಟ ಕ್ಷಣ ಅವಮಾನವೆಂದು ಕುದಿಯುವುದು ಎರಡೂ ಪ್ರಬುದ್ಧ ಸಮುದಾಯದ ಲಕ್ಷಣವಲ್ಲ.

ಹಾಗಾದರೆ ಮಾಡಬೇಕಾದುದೇನು? ಯಾರೇ ಆಗಲಿ, ನಮ್ಮವರಾಗಲಿ ಪರರಾಗಲಿ, ಉನ್ನತ ಹುದ್ದೆಯ ಸ್ಪರ್ಧೆಗೆ ಇಳಿದಾಗ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಬೆಳೆಯಲಿ. ನಿರ್ಧಾರ ಮಾಡಿದಾಗ ಆತ ಯಾವ ಹುದ್ದೆಯಲ್ಲಿದ್ದ ಮತ್ತು ಅದನ್ನು ಎಂದು ಬಿಟ್ಟ? ಆತನನ್ನು ಕರೆದವರಿಗೆ ಆ ಘಳಿಗೆಯಲ್ಲಿ ಆತನ ಅಗತ್ಯವೇನಿತ್ತು? ಸೋತರೆ ಆತ ಕಳೆದುಕೊಳ್ಳುವುದೇನು? ಈ ಮೂರನ್ನು ಕೇಳಿದರೆ ಗಿರಿಯವರ ಧೈರ್ಯವೂ ಅವರ ವಿಳಂಬವೂ, ಸುಬ್ಬರಾವ್ ಅವರ ಅವಸರವೂ, ಕಲಾಂ ಅವರ ಒಪ್ಪಿಗೆಯೂ ನಿರಾಕರಣೆಯೂ ತಮ್ಮ ತಮ್ಮ ತೂಕದಲ್ಲಿ ಕಾಣುತ್ತವೆ.

ಎರಡನೆಯದಾಗಿ, ನಮ್ಮ ಶಾಸಕರನ್ನು ಕೇಳಬೇಕು. ರಾಷ್ಟ್ರಪತಿ ಚುನಾವಣೆಯಲ್ಲಿ ಮತದಾನ ಗುಪ್ತವಾಗಿರುತ್ತದೆ. ಪಕ್ಷಗಳು ವಿಪ್ ನೀಡುವಂತಿಲ್ಲ. ಆದ್ದರಿಂದ ಪಕ್ಷದ ಆಜ್ಞೆಯಿತ್ತು ಎಂಬ ನೆಪ ಅವರಿಗಿಲ್ಲ. 2022ರ ಜುಲೈ 25ರಂದು ಆರಂಭವಾದ ಐದು ವರ್ಷಗಳ ಅವಧಿ 2027ರ ಜುಲೈಯಲ್ಲಿ ಮುಗಿಯುತ್ತದೆ. ಆ ಚುನಾವಣೆಗೆ ಮುನ್ನ ಚಾಮರಾಜನಗರದಲ್ಲಾಗಲಿ ಗುಂಡ್ಲುಪೇಟೆಯಲ್ಲಾಗಲಿ ನಾವು ಶಾಸಕರ ಬಳಿ ಹೋಗಿ, ನಮ್ಮೆಲ್ಲರ ಪರವಾಗಿ ತಾವು ಹಾಕುವ ಈ ಮತವನ್ನು ಯಾವ ಮಾನದಂಡದಿಂದ ಹಾಕುತ್ತೀರಿ ಎಂದು ವಿನಯದಿಂದ ಕೇಳಬೇಕು. ಉತ್ತರಕ್ಕಾಗಿ ಪಟ್ಟು ಹಿಡಿಯಬೇಕು. ರಸ್ತೆ, ಚರಂಡಿ, ಅನುದಾನ ಕೇಳುವಷ್ಟೇ ನಮ್ಮ ಹಕ್ಕಲ್ಲ.

1969ರಲ್ಲಿ ಸೋತ ಸಂಜೀವ ರೆಡ್ಡಿಯವರು 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು. ವ್ಯಕ್ತಿ ಅದೇ, ಹುದ್ದೆ ಅದೇ, ಬದಲಾದುದು ಕಾಲ ಮಾತ್ರ. ರಾಜಕಾರಣಿಗಳು ಕಾಲವನ್ನು ಅಷ್ಟು ಎಚ್ಚರದಿಂದ ಓದುತ್ತಾರೆ. ಅವರನ್ನು ಆರಿಸುವ ನಾವು ಅದಕ್ಕಿಂತ ಕಡಿಮೆ ಎಚ್ಚರದಿಂದ ಇರಬಾರದು.