ಗೃಹಸ್ಥನೂ ಪ್ರವಾಸವೂ

(ಅಬಲೂರಿನಲ್ಲಿ ಶ್ರಾವಣ ಮಾಸದ ಪುರಾಣ ಮಂಗಲದ ದಿನ ನೀಡಿದ ಆಶೀರ್ವಚನ)



ಒಂದು ತಿಂಗಳಿಂದ ನಡೆದು ಬಂದ ಪುರಾಣವು ಇಂದು ಮಂಗಲವಾಗುತ್ತಿದೆ. ನಡೆದ ಸ್ಥಳವಾದರೂ ಸಾಮಾನ್ಯವಾದುದಲ್ಲ. ಆಳಂದೆಯಲ್ಲಿ ಹುಟ್ಟಿ, ಹುಲಿಗೆರೆಯ ಸೋಮನಾಥನನ್ನು ಸೇವಿಸಿ, ಅಲ್ಲಿಂದ ಹೊರಟು ಬಂದ ಏಕಾಂತದ ರಾಮಯ್ಯನು ತನ್ನ ಭಕ್ತಿಯನ್ನು ಮೆರೆದ ನೆಲವಿದು. ನಿಮ್ಮೂರ ಸೋಮೇಶ್ವರ ಗುಡಿಯಲ್ಲಿ ಸುಮಾರು 1200ನೆಯ ಇಸವಿಯ ಶಾಸನವೊಂದು ಆತನ ಕಥೆಯನ್ನು ಹೇಳುತ್ತಿದೆ. ಆತನ ಚರಿತ್ರೆಯನ್ನು ಗೋಡೆಯ ಕಲ್ಲಿನ ಮೇಲೆಯೂ ಕಡೆದಿದ್ದಾರೆ. ಇನ್ನು ತ್ರಿಪದಿಯ ಸರ್ವಜ್ಞನಂತೂ ನಿಮ್ಮವನೇ. ತಂದೆ ಮಾಸೂರಿನ ಬಸವರಸ, ತಾಯಿ ಅಬಲೂರಿನ ಕುಂಬಾರರ ಮನೆಯ ಮಾಳಿ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. 2009ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯೂ ಚೆನ್ನೈಯಲ್ಲಿ ನಿಮ್ಮ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡವು. ಇಲ್ಲಿಯ ಕುಂಬಾರರ ಮನೆಯ ಮಗು ಅಷ್ಟು ದೂರ ಹೋಗಿ ನಿಂತಿತು.

ರಾಮಯ್ಯನೂ ಸಂಚಾರಿ, ಸರ್ವಜ್ಞನೂ ಸಂಚಾರಿ. ಆದರೆ ಅವರ ಹಿಂದೆ ಮನೆಯಲ್ಲಿ ಹೊಸ್ತಿಲ ಮೇಲೆ ಕುಳಿತು ಕಾಯುವ ಸಣ್ಣ ಮಕ್ಕಳಿದ್ದರೆಂದು ನಾವು ಎಲ್ಲಿಯೂ ಕೇಳಿಲ್ಲ. ಈ ಮಂಟಪದಲ್ಲಿ ಕುಳಿತಿರುವ ನಿಮಗಾದರೋ ಅಂಥ ಮಕ್ಕಳಿದ್ದಾರೆ. ಆದುದರಿಂದ ಇಂದು ಆ ಮಕ್ಕಳ ಪರವಾಗಿ ಎರಡು ಮಾತು ಆಡಬೇಕೆಂದು ನಮ್ಮ ಮನಸ್ಸಿಗೆ ಬಂದಿದೆ.

ಗೃಹಸ್ಥ ಎಂಬ ಶಬ್ದದ ಅರ್ಥವನ್ನು ನೋಡಿರಿ. ಗೃಹದಲ್ಲಿ ಇರುವವನು, ನಿಲ್ಲುವವನು, ಅವನೇ ಗೃಹಸ್ಥ. ಪ್ರವಾಸ ಎಂಬ ಶಬ್ದದಲ್ಲಿ ‘ಪ್ರ’ ಎಂಬುದು ಉಪಸರ್ಗ, ‘ವಸ್’ ಎಂಬುದು ಧಾತು. ಮನೆಯನ್ನು ಬಿಟ್ಟು ಹೊರಗೆ ವಾಸ ಮಾಡುವುದೇ ಪ್ರವಾಸ. ಹಾಗಾದರೆ ಗೃಹಸ್ಥನಿಗೂ ಪ್ರವಾಸಕ್ಕೂ ವಿರೋಧವೇ ಆಯಿತಲ್ಲ ಎಂದು ನೀವು ಕೇಳಬಹುದು. ಇನ್ನೊಂದು ಚಮತ್ಕಾರವಿದೆ. ತಂದೆ ಹೊಟ್ಟೆಪಾಡಿಗಾಗಿ ಊರೂರು ತಿರುಗಿದರೂ ಪ್ರವಾಸ ಎನ್ನುತ್ತೇವೆ, ಹೆಂಡಿರು ಮಕ್ಕಳನ್ನು ಕರೆದುಕೊಂಡು ಬುತ್ತಿ ಕಟ್ಟಿಕೊಂಡು ಹೊರಟರೂ ಪ್ರವಾಸ ಎನ್ನುತ್ತೇವೆ. ಶಬ್ದ ಒಂದೇ. ಮೊದಲನೆಯದು ಮನೆಯನ್ನು ಅಗಲಿಸುತ್ತದೆ, ಎರಡನೆಯದು ಅಗಲಿದವರನ್ನು ಕೂಡಿಸುತ್ತದೆ. ಮೊದಲನೆಯದೇ ಬೆಳೆದು ಎರಡನೆಯದಕ್ಕೆ ಜಾಗವೇ ಇಲ್ಲದಂತಾದರೆ ಸಂಸಾರದ ಗತಿ ಏನು?

ಹಿಂದೆ ಈ ಸೀಮೆಯ ಒಕ್ಕಲಿಗನು ಬೆಳಿಗ್ಗೆ ಹೊಲಕ್ಕೆ ಹೋದರೆ ಹೊತ್ತು ಮುಳುಗುವಾಗ ಮನೆ ಸೇರುತ್ತಿದ್ದನು. ಇಂದು ಹಾಗಿಲ್ಲ. ಒಬ್ಬನು ಬೆಂಗಳೂರಿನಲ್ಲಿದ್ದಾನೆ, ಒಬ್ಬನು ಗೋವೆಯಲ್ಲಿದ್ದಾನೆ. ಒಬ್ಬನು ಬೀಜದ ಕಂಪನಿಯ ಕೆಲಸಕ್ಕಾಗಿ ಮೋಟಾರು ಸೈಕಲ್ಲಿನ ಮೇಲೆಯೇ ಊಟ ಮಾಡುತ್ತಾನೆ. ಒಬ್ಬನು ಬಸ್ಸಿನ ಚಾಲಕ, ರಾತ್ರಿ ಯಾವುದೋ ಊರಿನ ನಿಲ್ದಾಣದಲ್ಲಿ ಬಸ್ಸಿನಲ್ಲಿಯೇ ಮಲಗುತ್ತಾನೆ. ಇವರು ಮಕ್ಕಳನ್ನು ಪ್ರೀತಿಸುವುದಿಲ್ಲ ಎಂದು ಯಾರು ಹೇಳಿಯಾರು? ಮಕ್ಕಳ ಸಲುವಾಗಿಯೇ ಅವರು ಹೊರಗಿದ್ದಾರೆ. ಆದರೆ ದೂರದ ಊರಿನಲ್ಲಿ ತಂದೆ ಸುರಿಸಿದ ಬೆವರು ಮಗುವಿನ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ತಂದೆ ಮನೆಯಲ್ಲಿಲ್ಲ ಎಂಬುದೊಂದೇ.

ನಮ್ಮ ಮಠದ ಭಕ್ತನೊಬ್ಬನಿದ್ದಾನೆ, ಹೆಸರು ಬೇಡ. ಸ್ವಂತ ಲಾರಿಯನ್ನು ತಾನೇ ನಡೆಸುತ್ತಾನೆ. ಬ್ಯಾಡಗಿಯ ಮೆಣಸಿನಕಾಯಿಯನ್ನು ಕೇರಳದ ಕಡೆಗೆ ಒಯ್ಯುತ್ತಾನೆ. ಅಲ್ಲಿಯ ಕಾರಖಾನೆಗಳಲ್ಲಿ ಆ ಕಾಯಿಯ ಎಣ್ಣೆಯನ್ನೂ ಬಣ್ಣವನ್ನೂ ತೆಗೆಯುತ್ತಾರಂತೆ. ತಿಂಗಳಿನಲ್ಲಿ ಆರೇಳು ದಿನ ಮಾತ್ರ ಅವನು ಮನೆಯಲ್ಲಿರುವುದು. ಐದು ವರ್ಷದ ಮಗಳಿಗೆ, “ಮಳೆಗಾಲದಲ್ಲಿ ಮಾಸೂರಿನ ಮದಗದ ಕೆರೆ ಕೋಡಿ ಬಿದ್ದಾಗ ತೋರಿಸುತ್ತೇನೆ” ಎಂದು ಮಾತು ಕೊಟ್ಟಿದ್ದನು. ಮೊದಲ ಸಾರಿ ಅವಸರದ ಬಾಡಿಗೆ ಬಂದಿತು. ಎರಡನೆಯ ಸಾರಿ ಲಾರಿ ಕೆಟ್ಟು ಘಟ್ಟದಲ್ಲಿ ನಿಂತಿತು. ಮೂರನೆಯ ಸಾರಿ ಅವನು ಮನೆಯಲ್ಲಿಯೇ ಇದ್ದನು. ಬುತ್ತಿಯೂ ಸಿದ್ಧವಾಗಿತ್ತು. ಅಷ್ಟರಲ್ಲಿ ಮಠದಿಂದ ಕರೆ ಹೋಯಿತು: ಭಕ್ತರು ಕೊಟ್ಟ ದಾಸೋಹದ ಅಕ್ಕಿಯ ಚೀಲಗಳು ನಾಲ್ಕು ಊರುಗಳಲ್ಲಿವೆ, ಲಾರಿ ತೆಗೆದುಕೊಂಡು ಬಾ ಎಂದು. ಕರೆ ಕಳುಹಿಸಿದವರು ನಾವೇ. ಅವನು ಬುತ್ತಿಯ ಗಂಟನ್ನು ಹಾಗೆಯೇ ಬಿಟ್ಟು ಬಂದನು.

ಮುಂದಿನ ಅಮಾವಾಸ್ಯೆಗೆ ಮನೆಯವರೆಲ್ಲ ಮಠಕ್ಕೆ ಬಂದರು. ಆ ಕೂಸು ನಮ್ಮ ಪಾದ ಮುಟ್ಟಿ ಎದ್ದು ನಿಂತು ಕೈ ಮುಗಿದು, “ನಮ್ಮಪ್ಪಗ ಒಂದ್ ದಿನ ಸೂಟಿ ಕೊಡ್ರೀ ಅಜ್ಜಾರ” ಎಂದಿತು. ಸುತ್ತಲಿದ್ದವರೆಲ್ಲ ನಕ್ಕರು. ನಮಗೆ ನಗೆ ಬರಲಿಲ್ಲ. ಆ ಮಗುವು ಸೂಟಿಯನ್ನು ಲಾರಿಯ ಬಾಡಿಗೆ ಕೊಡುವವರನ್ನು ಕೇಳಲಿಲ್ಲ, ನಮ್ಮನ್ನು ಕೇಳಿತು. ತನ್ನ ತಂದೆಯನ್ನು ಕರೆದುಕೊಂಡು ಹೋದವರು ಯಾರೆಂಬುದು ಅದಕ್ಕೆ ಗೊತ್ತಿತ್ತು.

ಆ ರಾತ್ರಿ ಪಾಠಶಾಲೆಯಲ್ಲಿ ಎಂದೋ ಓದಿದ ಕಠೋಪನಿಷತ್ತಿನ ಕಥೆ ನಮ್ಮ ನೆನಪಿಗೆ ಬಂದಿತು. ನಚಿಕೇತನ ತಂದೆಯು ಯಜ್ಞದಲ್ಲಿ ತೊಡಗಿದ್ದನು. ದೊಡ್ಡ ಕಾರ್ಯ, ಬಂದ ಜನ ಬಹಳ, ದಾನದ ಗದ್ದಲ. ಮಗನು ಬಳಿಗೆ ಬಂದು, “ಅಪ್ಪಾ, ನನ್ನನ್ನು ಯಾರಿಗೆ ಕೊಡುತ್ತೀ?” ಎಂದು ಕೇಳಿದನು. ಉತ್ತರವಿಲ್ಲ. ಮತ್ತೆ ಕೇಳಿದನು, ಮೂರನೆಯ ಬಾರಿಯೂ ಕೇಳಿದನು. ತಂದೆ ಸಿಟ್ಟಾಗಿ, “ನಿನ್ನನ್ನು ಮೃತ್ಯುವಿಗೆ ಕೊಡುತ್ತೇನೆ” ಎಂದುಬಿಟ್ಟನು. ಬಾಲಕನು ಯಮನ ಮನೆಗೆ ಹೋದರೆ ಅಲ್ಲಿ ಯಮನೂ ಇಲ್ಲ! ಅವನೂ ಹೊರಗೆ ಹೋಗಿದ್ದನು. ಮೂರು ರಾತ್ರಿ ಹುಡುಗನು ಅನ್ನವಿಲ್ಲದೆ ಬಾಗಿಲಲ್ಲಿ ಕಾದನು. ಯಮನಾದರೋ ಬಂದ ಕೂಡಲೇ ತನ್ನ ತಪ್ಪನ್ನು ತಿಳಿದುಕೊಂಡನು. ಕಾಯಿಸಿದ ಒಂದೊಂದು ರಾತ್ರಿಗೆ ಒಂದೊಂದರಂತೆ ಮೂರು ವರಗಳನ್ನು ಕೊಟ್ಟನು. ನಚಿಕೇತನು ಆತ್ಮಜ್ಞಾನವನ್ನು ಕೇಳಿದನೆಂದು ಎಲ್ಲರೂ ಹೇಳುತ್ತೇವೆ. ಅದು ಮೂರನೆಯ ವರ. ಮೊದಲನೆಯ ವರದಲ್ಲಿ ಅವನು ಕೇಳಿದ್ದು ಏನು? ‘ನಮ್ಮ ತಂದೆಯ ಮನಸ್ಸು ಶಾಂತವಾಗಲಿ, ಸಿಟ್ಟು ಹೋಗಲಿ, ನಾನು ತಿರುಗಿ ಹೋದಾಗ ನನ್ನ ಗುರುತು ಹಿಡಿದು ಮಾತನಾಡಿಸಲಿ’ ಎಂದು! ಅಂಥ ಜ್ಞಾನಿಯಾದ ಬಾಲಕನಿಗೂ ಬ್ರಹ್ಮವಿದ್ಯೆಗಿಂತ ಮೊದಲು ಬೇಕಾದದ್ದು ಅಪ್ಪನ ಒಂದು ಮಾತು.

ಯಜ್ಞ ಮಾಡುವುದು ಪಾಪವಲ್ಲ, ದಾಸೋಹ ನಡೆಸುವುದೂ ಪಾಪವಲ್ಲ. ಆದರೆ ಪುಣ್ಯಕಾರ್ಯದ ಹೆಸರಿನಲ್ಲಿಯೂ ಮಗುವನ್ನು ಕಾಯಿಸಬಹುದು ಎಂಬುದು ನಮಗೆ ಅಂದು ತಿಳಿಯಿತು. ಮೃತ್ಯುದೇವತೆಯೇ ಕಾಯಿಸಿದ್ದಕ್ಕೆ ಪ್ರಾಯಶ್ಚಿತ್ತ ಮಾಡಿಕೊಂಡಿರುವಾಗ ನಾವು ಮಾಡಿಕೊಳ್ಳಬೇಡವೇ? ಮರುದಿನವೇ ಆ ಭಕ್ತನನ್ನು ಕರೆಸಿ, “ನಿನ್ನ ಭಾನುವಾರ ಇನ್ನು ಮುಂದೆ ಮಠದ್ದಲ್ಲ, ಮಕ್ಕಳದು” ಎಂದು ಹೇಳಿದೆವು. ಮಠದ ಕಮಿಟಿಯವರಿಗೂ ಅದನ್ನೇ ಹೇಳಿದ್ದೇವೆ. ಸಣ್ಣ ಮಕ್ಕಳಿರುವವನ ಬಿಡುವಿನ ದಿನವನ್ನು ಸೇವೆಯ ಹೆಸರಿನಲ್ಲಿ ಕೇಳಬಾರದು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಅವನು ಮಾಡಿದ್ದೇನು? ಇಷ್ಟು ದಿನದ ಬಾಕಿಯನ್ನು ಒಂದೇ ದಿನ ತೀರಿಸಬೇಕೆಂದು ಕಾರನ್ನು ಬಾಡಿಗೆಗೆ ತೆಗೆದುಕೊಂಡು, ಮದಗದ ಕೆರೆ, ಅಲ್ಲಮಪ್ರಭುಗಳ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ, ಮೇಲೆ ಬನವಾಸಿ, ಹೀಗೆ ನಾಲ್ಕು ಸ್ಥಳಗಳನ್ನು ಒಂದೇ ದಿನಕ್ಕೆ ಹಾಕಿಕೊಂಡನು. ಮಗಳು ಕೆರೆಯ ದಂಡೆಯಲ್ಲಿ ಏಡಿಯೊಂದನ್ನು ಕಂಡು ಕುಳಿತುಬಿಟ್ಟಳು. ಇವನು “ನಡಿ ನಡಿ, ಇನ್ನೂ ಮೂರು ಊರು ನೋಡುವುದಿದೆ” ಎಂದು ಎತ್ತಿಕೊಂಡು ಓಡಿದನು. ದಾರಿಯಲ್ಲಿ ಮಗುವಿಗೆ ವಾಂತಿಯಾಯಿತು. ಬಳ್ಳಿಗಾವಿಯ ಕೇದಾರೇಶ್ವರ ಗುಡಿಯಲ್ಲಿ ಅತ್ತಿತು, ಉಡುತಡಿಯಲ್ಲಿ ನಿದ್ದೆ ಹೋಯಿತು. ಬನವಾಸಿಯನ್ನು ಯಾರೂ ನೋಡಲಿಲ್ಲ. ಗಂಡ ಹೆಂಡಿರು ಜಗಳವಾಡುತ್ತ ಮನೆಗೆ ಬಂದರು. “ಅಜ್ಜಾರ, ಇದಕ್ಕಿಂತ ಕೊಚ್ಚಿಗೆ ಲೋಡು ಒಯ್ಯೋದು ಹಗುರ” ಎಂದು ಅವನು ನಮ್ಮ ಮುಂದೆ ಹೇಳಿಕೊಂಡನು.

ನಾವು ಹೇಳಿದೆವು: “ಅಪ್ಪಾ, ನೀನು ಮಗುವನ್ನು ಕರೆದುಕೊಂಡು ಹೋಗಲಿಲ್ಲ, ಲೋಡು ಮಾಡಿಕೊಂಡು ಹೋದಿ. ಅದು ನಿನ್ನ ಮಗಳಿಗಾಗಿ ಮಾಡಿದ ಪ್ರವಾಸವಲ್ಲ, ನಿನ್ನ ಮನಸ್ಸಿನ ಭಾರ ಇಳಿಸಿಕೊಳ್ಳಲು ಮಾಡಿದ ಪ್ರವಾಸ. ಮಗುವಿಗೆ ನಾಲ್ಕು ಊರು ಬೇಕಾಗಿರಲಿಲ್ಲ. ಒಂದು ಏಡಿ ಸಾಕಾಗಿತ್ತು, ಪಕ್ಕದಲ್ಲಿ ನೀನು ಕುಳಿತಿದ್ದರೆ ಆಗುತ್ತಿತ್ತು.” ಮುಂದಿನ ಸಾರಿ ಅವನು ಎಲ್ಲಿಯೂ ದೂರ ಹೋಗಲಿಲ್ಲ. ಇದೇ ಅಬಲೂರಿಗೆ ಬಂದು, ಸೋಮೇಶ್ವರ ಗುಡಿಯ ಗೋಡೆಯ ಶಿಲ್ಪಗಳನ್ನು ಮಗಳಿಗೆ ತೋರಿಸಿ, ರಾಮಯ್ಯನ ಕಥೆ ಹೇಳಿ, ರೊಟ್ಟಿ ತಿಂದು, ಹೊತ್ತು ಏರುವುದರೊಳಗೆ ಮನೆಗೆ ಹೋದನು. ಆ ದಿನದ ಮಾತನ್ನು ಆ ಕೂಸು ಇಂದಿಗೂ ಆಡುತ್ತದೆ.

ಇದು ಹೊಸ ಧರ್ಮವೇನೂ ಅಲ್ಲ. ಸೀಗೆಹುಣ್ಣಿಮೆಗೆ ಚರಗ ಚೆಲ್ಲಲು ನಮ್ಮ ಹಿರಿಯರು ಬಂಡಿ ಕಟ್ಟಿ, ಮನೆಮಂದಿಯೆಲ್ಲ ಕೂಡಿ ಹೊಲಕ್ಕೆ ಹೋಗುತ್ತಿದ್ದರು. ಭೂತಾಯಿಗೆ ಎಡೆ, ಮಕ್ಕಳಿಗೆ ಹೋಳಿಗೆ, ಗಿಡದ ನೆರಳಿನಲ್ಲಿ ಊಟ. ಪೂಜೆಯೂ ಆಯಿತು, ವಿಹಾರವೂ ಆಯಿತು, ಖರ್ಚು ಇಲ್ಲ. ಸೋಮವಾರ ಬಸವಣ್ಣನ ವಾರವೆಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತಿಗೆ ಒಂದು ದಿನ ಬಿಡುವು ಕೊಟ್ಟ ಜನ ತಮಗೆ ತಾವು ಬಿಡುವು ಕೊಟ್ಟುಕೊಳ್ಳದಿದ್ದರೆ ಹೇಗೆ? ಮೋಟಾರು ಸಾರಿಗೆಯ ಕೆಲಸಗಾರರಿಗೆ ವಾರಕ್ಕೊಂದು ದಿನ ವಿಶ್ರಾಂತಿ ಇರಬೇಕೆಂದು 1961ರಲ್ಲಿ ಸರ್ಕಾರವೇ ಕಾಯಿದೆ ಮಾಡಿತು. ಆದರೆ ತನ್ನ ಲಾರಿಗೆ ತಾನೇ ಮಾಲೀಕನಾದವನಿಗೆ ಯಾವ ಕಾಯಿದೆ ಸೂಟಿ ಕೊಡಬೇಕು? ಅವನ ಆಸೆಯೇ ಅವನ ಮಾಲೀಕ.

ಆಯ್ದಕ್ಕಿ ಮಾರಯ್ಯನು ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದನು. ಹೆಂಡತಿ ಲಕ್ಕಮ್ಮ ಹಿಗ್ಗಲಿಲ್ಲ. ಬೇಕಾದುದಕ್ಕಿಂತ ಹೆಚ್ಚಿನದು ನಮಗೇಕೆ, ಮರಳಿ ಸುರಿದು ಬಾ ಎಂದು ಕಳುಹಿಸಿದಳು. ಇಂದಿನ ಮಾರಯ್ಯಗಳು ಒಂದು ಬಾಡಿಗೆ ಹೆಚ್ಚು, ಒಂದು ಊರು ಹೆಚ್ಚು ಎಂದು ಓಡುತ್ತಿದ್ದಾರೆ. ಸಾಲ ತೀರಿಸಲು ಓಡುವವನನ್ನು ನಾವು ತಡೆಯುವುದಿಲ್ಲ. ಅವನ ಕಷ್ಟ ನಮಗೆ ಗೊತ್ತು. ಆದರೆ ಸಾಲ ತೀರಿದ ಮೇಲೆಯೂ ಓಟ ನಿಲ್ಲದವರಿದ್ದಾರೆ. ಅವರ ಮನೆಯ ಲಕ್ಕಮ್ಮ ಒಂದು ಮಾತು ಆಡಬೇಕು, ಅವರೂ ಕೇಳಬೇಕು.

ತಾಯಂದಿರ ಮಾತನ್ನೂ ಹೇಳಬೇಕು. ತಂದೆ ಹೊರಗಿದ್ದರೆ ಮನೆಯ ನೊಗವೆಲ್ಲ ಒಂದೇ ಹೆಗಲಿಗೆ. ಈಗ ಅನೇಕ ತಾಯಂದಿರು ತಾವೂ ಶಿಕ್ಷಕಿಯರಾಗಿ, ದಾದಿಯರಾಗಿ ಬೇರೆ ಊರಿಗೆ ಹೋಗಿ ಬರುತ್ತಾರೆ. ಅವರನ್ನು ಆಡಿಕೊಳ್ಳುವ ನಾಲಿಗೆಗಳಿವೆ. ಗಂಡಸು ಹೊರಟರೆ ಕಾಯಕ, ಹೆಂಗಸು ಹೊರಟರೆ ಮನೆ ಮರೆತಳು ಎನ್ನುವುದು ಯಾವ ನ್ಯಾಯ? ಶರಣರು ಕಾಯಕದಲ್ಲಿ ಹೆಣ್ಣು ಗಂಡೆಂಬ ಭೇದ ಮಾಡಲಿಲ್ಲ. ವಿಹಾರಕ್ಕೆ ಹೊರಟ ದಿನವಾದರೂ ನಸುಕಿನಲ್ಲಿ ಎದ್ದು ಬುತ್ತಿ ಕಟ್ಟುವವಳು ಅವಳೊಬ್ಬಳೇ ಆಗಬಾರದು. ಅಂದು ಗಂಡನೂ ರೊಟ್ಟಿಯ ಹಿಟ್ಟಿಗೆ ಕೈ ಹಾಕಲಿ.

ಆದುದರಿಂದ ಮಕ್ಕಳ ತಂದೆತಾಯಿಗಳಿಗೆ ನಮ್ಮ ಸೂಚನೆ ಇಷ್ಟೇ. ನಡೆಸಲಾಗದ ಮಾತನ್ನು ಮಗುವಿಗೆ ಕೊಡಬೇಡಿರಿ. ಕೊಟ್ಟರೆ ಸಾಹುಕಾರನಿಗೆ ಕೊಟ್ಟ ಮಾತಿನಂತೆ ನಡೆಸಿರಿ. ದೂರದಲ್ಲಿದ್ದಾಗ ದಿನಾಲು ಒಂದೇ ಹೊತ್ತಿಗೆ ಫೋನು ಮಾಡಿರಿ. ಊಟವಾಯಿತೇ ಎಂದಷ್ಟೇ ಕೇಳದೆ ಇಂದು ಏನು ಆಡಿದಿ ಎಂದು ಕೇಳಿರಿ. ಮಕ್ಕಳೊಡನೆ ಹೊರಟಾಗ ಒಂದು ದಿನಕ್ಕೆ ಒಂದೇ ಸ್ಥಳ ಸಾಕು. ಬಿಸಿಲು ಏರುವ ಮುನ್ನ ಹೋಗಿರಿ, ಮಗುವಿನ ನಿದ್ದೆಯ ಹೊತ್ತಿಗೆ ತಿರುಗಿ ಬನ್ನಿರಿ. ನೀರಿನ ದಂಡೆಯಲ್ಲಿ ಕೈಯಲ್ಲಿ ಫೋನು ಇರಬಾರದು, ಮಗುವಿನ ಕೈ ಇರಬೇಕು.

ಕೊನೆಗೊಂದು ಮಾತು. ಪೂರ್ವಾಶ್ರಮದ ಸಂಗತಿಯನ್ನು ನಾವು ಆಡಬಾರದು, ಆದರೂ ಇಂದು ಆಡುತ್ತೇವೆ. ನಮ್ಮನ್ನು ಎಳೆಯ ವಯಸ್ಸಿನಲ್ಲಿಯೇ ಸಂಸ್ಕೃತ ಪಾಠಶಾಲೆಗೆ ಬಿಟ್ಟರು. ತಂದೆಯವರು ವರ್ಷಕ್ಕೊಮ್ಮೆ ಬರುತ್ತಿದ್ದರು, ಚೀಲದಲ್ಲಿ ಹುರಿದ ಶೇಂಗಾ ತರುತ್ತಿದ್ದರು. ಸಂಜೆಯ ಬಸ್ಸಿಗೆ ತಿರುಗಿ ಹೋಗಬೇಕು; ನಡುವೆ ಒಂದು ಗಂಟೆ ಬಿಡುವು. ಆ ಒಂದು ಗಂಟೆ ನಮ್ಮ ಕೈ ಹಿಡಿದುಕೊಂಡು ಊರ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದರು. ಹೆಚ್ಚು ಮಾತಿಲ್ಲ. ಶೇಂಗಾದ ಸಿಪ್ಪೆ ಸುಲಿದು ಕಾಳನ್ನು ನಮ್ಮ ಅಂಗೈಗೆ ಹಾಕುತ್ತಿದ್ದರು. ಆಮೇಲೆ ಕಾವ್ಯ ಓದಿದೆವು, ವ್ಯಾಕರಣ ಓದಿದೆವು, ಎಷ್ಟೋ ಮರೆತೆವು. ಆ ಅಂಗೈಯ ಬಿಸಿ ಮರೆತಿಲ್ಲ. ಗಳಿಸಿದ್ದು ಖರ್ಚಾಗುತ್ತದೆ, ಕಟ್ಟಿದ ಮನೆ ಪಾಲಾಗುತ್ತದೆ. ಮಕ್ಕಳ ಕೈ ಹಿಡಿದು ನಡೆದ ಒಂದು ಗಂಟೆ ಮಾತ್ರ ಐವತ್ತು ವರ್ಷವಾದರೂ ಹಾಗೆಯೇ ಉಳಿಯುತ್ತದೆ.

ಇಂದು ಮಂಗಲದ ಪ್ರಸಾದ ಸ್ವೀಕರಿಸಿದ ಮೇಲೆ ಪಾತ್ರೆ ತೊಳೆಯಲು, ಮಂಟಪ ಬಿಚ್ಚಲು ಸಣ್ಣ ಮಕ್ಕಳಿರುವವರು ನಿಲ್ಲಬೇಕಾಗಿಲ್ಲ. ಅವರು ಮಕ್ಕಳನ್ನು ಕರೆದುಕೊಂಡು ಸೋಮೇಶ್ವರ ಗುಡಿಯನ್ನು ಒಂದು ಸುತ್ತು ನೋಡಿಕೊಂಡು ಮನೆಗೆ ಹೋಗಲಿ. ಇದು ನಮ್ಮ ಅಪ್ಪಣೆ. ಹೊರಗೆ ದುಡಿಯುವವರೆಲ್ಲರೂ ಸುಖವಾಗಿ ಮನೆ ಸೇರಲಿ, ಕಾಯುವ ಮಕ್ಕಳಿಗೆ ಕಾದ ಫಲ ದೊರೆಯಲಿ, ನಿಮ್ಮೆಲ್ಲರಿಗೂ ಪರಶಿವನು ಸನ್ಮಂಗಲವನ್ನುಂಟುಮಾಡಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.