ಹೊನ್ನಾವರದ ಗಾಡಿಯಲ್ಲಿ ಯಾರಿಗೆ ಸೀಟು?

(ಜುಮಾ ಪ್ರವಚನದ ಸಾರಾಂಶ)



ಕಳೆದ ಮಂಗಳವಾರ ಇಶಾ ನಮಾಝ್ ಮುಗಿದ ಮೇಲೆ ನಮ್ಮ ಮೊಹಲ್ಲಾದ ನಾಲ್ಕೈದು ಯುವಕರು ನನ್ನ ಕೋಣೆಗೆ ಬಂದರು. ಜೂನ್ ಮೊದಲ ಶನಿವಾರ ಮತ್ತು ಭಾನುವಾರ ಹೊನ್ನಾವರಕ್ಕೆ ಹೋಗಿ ಸಮುದ್ರ ನೋಡಿ ಬರುವುದು, ಹದಿನಾಲ್ಕು ಸೀಟಿನ ಟಿ.ಟಿ. ಮಾತಾಡಿದ್ದೇವೆ ಎಂದರು. "ಹಜ್ರತ್, ಇದು ದುನಿಯಾದ ಮೋಜಲ್ಲವಾ, ಗುನಾಹ್ ಆಗುತ್ತದಾ?" ಎಂದು ಅವರಲ್ಲೊಬ್ಬ ಕೇಳಿದ.

ಕೇಳಿದ್ದು ಒಳ್ಳೆಯದಾಯಿತು. ಭೂಮಿಯಲ್ಲಿ ಸಂಚರಿಸಿ ನೋಡಿರೆಂದು ಕುರ್‌ಆನ್ ಒಂದಲ್ಲ, ಹಲವು ಕಡೆ ಹೇಳಿದೆ. ಪ್ರವಾದಿ(ಸ) ಒಂದು ಪ್ರಯಾಣದಲ್ಲಿ ಹಝ್ರತ್ ಆಯಿಶಾ(ರ) ಅವರೊಂದಿಗೆ ಓಟದ ಪಂದ್ಯ ಕಟ್ಟಿದ್ದನ್ನು ನೀವು ಕೇಳಿದ್ದೀರಿ. ಮನೆಯವರ ಮನಸ್ಸು ಹಗುರ ಮಾಡುವುದು ಗುನಾಹ್ ಅಲ್ಲ. ಹೋಗಿ ಬನ್ನಿ ಎಂದೆ. ಆಮೇಲೆ ಅವರ ಕೈಯಲ್ಲಿದ್ದ ಪಟ್ಟಿಯನ್ನು ತೆಗೆದುಕೊಂಡು ಓದಿದೆ.

ಹದಿನಾಲ್ಕು ಹೆಸರು. ಹನ್ನೆರಡು ಗಂಡಸರು ಮತ್ತು ಹುಡುಗರು. ಇಬ್ಬರು ಹೆಂಗಸರು. ಆ ಇಬ್ಬರ ಹೆಸರಿನ ಮುಂದೆ ಬ್ರಾಕೆಟ್ಟಿನಲ್ಲಿ "ಅಡುಗೆಗೆ" ಎಂದು ಬರೆದಿತ್ತು. ಗ್ಯಾಸ್ ಒಲೆ, ದೇಗ್ಚಿ, ಇಪ್ಪತ್ತು ಕಿಲೋ ಅಕ್ಕಿಯೂ ಪಟ್ಟಿಯಲ್ಲಿದ್ದವು. ಹೆಂಗಸರ ಹೆಸರು ಅಕ್ಕಿಯ ಸಾಲಿನ ಹತ್ತಿರವೇ ಇತ್ತು.

ನಗಬೇಡಿ ಸಹೋದರರೇ, ಇಂಥ ಪಟ್ಟಿಯನ್ನು ನಾನೂ ಬರೆದವನೇ.

ಎಂಟು ವರ್ಷದ ಹಿಂದೆ ನಾನು ಹೆಂಡತಿ ಮಕ್ಕಳನ್ನು ಇದೇ ಹೊನ್ನಾವರಕ್ಕೆ ಕರೆದುಕೊಂಡು ಹೋಗಿದ್ದೆ. ಅಮ್ಮೀ ಅವರನ್ನು ಬಿಟ್ಟು ಹೋದೆ. ಘಾಟಿ ರಸ್ತೆ, ಅವರಿಗೆ ಮಂಡಿನೋವು, ಗಾಡಿಯಲ್ಲಿ ವಾಂತಿಯಾಗುತ್ತದೆ ಎಂದು ನಾನೇ ತೀರ್ಮಾನ ಮಾಡಿದ್ದೆ. ಅವರನ್ನು ಒಂದು ಮಾತು ಕೇಳಲಿಲ್ಲ. ಅವರೂ "ನೀವು ಹೋಗಿ ಬನ್ನಿ ಬೇಟಾ" ಎಂದಷ್ಟೇ ಹೇಳಿದರು. ತಿರುಗಿ ಬಂದ ರಾತ್ರಿ ಮಕ್ಕಳ ಬಟ್ಟೆಯಿಂದ ಮರಳು ಕೊಡವುತ್ತಾ ನನ್ನ ಸಣ್ಣ ಮಗಳನ್ನು ಕೇಳಿದರು: "ಆಚೆ ದಡ ಕಾಣುತ್ತದಾ?" ಅವರು ನೋಡಿದ್ದು ತುಂಗಾ ಹೊಳೆ ಮಾತ್ರ. ಸಮುದ್ರ ನಮ್ಮ ಶಿವಮೊಗ್ಗದಿಂದ ಸುಮಾರು 160 ಕಿಲೋಮೀಟರ್. ಅಷ್ಟು ಹತ್ತಿರದಲ್ಲಿ ಎಪ್ಪತ್ತು ವರ್ಷ ಬಾಳಿದ ನನ್ನ ತಾಯಿ ಆ ಪ್ರಶ್ನೆಯನ್ನು ಏಳು ವರ್ಷದ ಮಗುವಿನ ಹತ್ತಿರ ಕೇಳುತ್ತಿದ್ದರು. ನಾನು ಪಕ್ಕದ ಕೋಣೆಯಲ್ಲಿದ್ದೆ. ಹೊರಗೆ ಬರಲು ಧೈರ್ಯವಾಗಲಿಲ್ಲ.

ಪ್ರವಾದಿ(ಸ) ಪ್ರಯಾಣ ಹೊರಡುವಾಗ ಪತ್ನಿಯರಲ್ಲಿ ಯಾರು ಜೊತೆಗೆ ಬರಬೇಕೆಂದು ಚೀಟಿ ಎತ್ತುತ್ತಿದ್ದರೆಂದು ಹದೀಸ್‌ನಲ್ಲಿದೆ. ಅಂದರೆ ಪ್ರತಿಯೊಬ್ಬರಿಗೂ ಬರುವ ಹಕ್ಕಿತ್ತು, ಪ್ರತಿಯೊಬ್ಬರ ಹೆಸರೂ ಚೀಟಿಯಲ್ಲಿತ್ತು. ನಮ್ಮಲ್ಲಿ ಚೀಟಿ ಎತ್ತುವ ಮೊದಲೇ ಕೆಲವರ ಹೆಸರು ಹರಿದುಹೋಗಿರುತ್ತದೆ. ಇನ್ನೊಂದು ಹದೀಸ್: ಹೆಚ್ಚಿನ ಸವಾರಿಯುಳ್ಳವನು ಸವಾರಿ ಇಲ್ಲದವನಿಗೆ, ಹೆಚ್ಚಿನ ಬುತ್ತಿಯುಳ್ಳವನು ಬುತ್ತಿ ಇಲ್ಲದವನಿಗೆ ಕೊಡಬೇಕೆಂದು ಪ್ರಯಾಣದ ನಡುವೆಯೇ ಅವರು ಆಜ್ಞಾಪಿಸಿದರು. ಟಿ.ಟಿ.ಯಲ್ಲಿ ಖಾಲಿ ಉಳಿಯುವ ಸೀಟು ಆ ಹೆಚ್ಚಿನ ಸವಾರಿಯೇ. ನಮ್ಮ ಬೀದಿಯಲ್ಲಿ ತಂದೆಯಿಲ್ಲದ ಮಕ್ಕಳ ಮನೆಗಳಿವೆ, ಯಾವುವೆಂದು ನಿಮಗೆಲ್ಲ ಗೊತ್ತು. ಅವರ ಪಾಲಿನ ಹಣವನ್ನು ಇಬ್ಬರು ಮೂವರು ಸೇರಿ ಹಾಕಿ. ಯಾರು ಹಾಕಿದರೆಂದು ಆ ಮಕ್ಕಳಿಗೆ ತಿಳಿಯದಿರಲಿ.

ಒಲೆಯನ್ನು ಮನೆಯಲ್ಲೇ ಬಿಡಿ. ಹೊನ್ನಾವರದಲ್ಲಿ ಮೀನೂಟ ಸಿಗುತ್ತದೆ. ವರ್ಷಕ್ಕೆ 363 ದಿನ ಬೇಯಿಸುವವರು ಎರಡು ದಿನ ಕೂತು ಉಣ್ಣಲಿ. ಅವರವರ ಮಹ್ರಮ್ ಜೊತೆಗಿರಲಿ, ಮುಂದಿನ ಸೀಟು ಅವರಿಗೆ ಕೊಡಿ. ಜೋಗ ದಾಟಿದ ಮೇಲೆ ಶರಾವತಿ ಘಾಟಿಯ ತಿರುವುಗಳಲ್ಲಿ ಹಿಂದೆ ಕೂತವರಿಗೇ ಹೊಟ್ಟೆ ತೊಳಸುವುದು. ಹಾಡಿ ಒಂಟೆಗಳನ್ನು ಓಡಿಸುತ್ತಿದ್ದ ಅಂಜಶಾ ಎಂಬವರಿಗೆ, ಒಂಟೆಯ ಮೇಲೆ ಹೆಂಗಸರಿದ್ದಾರೆ, ಗಾಜಿನ ಪಾತ್ರೆಗಳಂತೆ ನೋಡಿಕೊಂಡು ಮೆಲ್ಲಗೆ ನಡೆಸು ಎಂಬರ್ಥದಲ್ಲಿ ಪ್ರವಾದಿ(ಸ) ಹೇಳಿದ್ದರು. ನಿಮ್ಮ ಡ್ರೈವರ್‌ಗೆ ಆ ಕಥೆಯನ್ನು ಹೊರಡುವ ಮೊದಲೇ ಹೇಳಿ.

ಹೊನ್ನಾವರ ಎಂದರೆ ಬರೀ ಅಲೆ ಎಂದುಕೊಳ್ಳಬೇಡಿ. ಟಾಂಜಿಯರ್‌ನಲ್ಲಿ ಹುಟ್ಟಿ, 21ನೇ ವಯಸ್ಸಿನಲ್ಲಿ ಹಜ್ಜಿಗೆಂದು ಮನೆ ಬಿಟ್ಟ ಇಬ್ನ್ ಬತೂತಾ 1340ರ ದಶಕದಲ್ಲಿ ಈ ಊರಿಗೆ ಬಂದಿದ್ದರು. ಅವರು ಇದನ್ನು ಹಿನೌರ್ ಎಂದು ಕರೆದಿದ್ದಾರೆ. ಇಲ್ಲಿನ ಹೆಂಗಸರಿಗೆ ಕುರ್‌ಆನ್ ಕಂಠಪಾಠವಿತ್ತು; ಹುಡುಗರಿಗೆ 23, ಹುಡುಗಿಯರಿಗೆ 13 ಮದ್ರಸಾಗಳಿದ್ದವು; ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಎಂದು ತಮ್ಮ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾರೆ. ಮೆಕ್ಕಾ, ಡಮಾಸ್ಕಸ್, ದಿಲ್ಲಿ ಎಲ್ಲ ನೋಡಿ ಬಂದ ಮನುಷ್ಯ ಬೆರಗಾಗಿದ್ದು ನಮ್ಮ ಪಕ್ಕದ ಜಿಲ್ಲೆಯ ಹುಡುಗಿಯರನ್ನು ಕಂಡು. ಅಂಥ ಊರಿಗೆ ಹೆಣ್ಣುಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೋಗುತ್ತೇವೆಂದರೆ ಇಬ್ನ್ ಬತೂತಾ ಏನೆನ್ನುತ್ತಿದ್ದರೋ! ಸೇತುವೆಯ ಮೇಲೆ ಗಾಡಿ ನಿಧಾನ ಮಾಡಿಸಿ, ಮಕ್ಕಳಿಗೆ ಶರಾವತಿಯನ್ನು ತೋರಿಸಿ. ನಮ್ಮ ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ನೀರು ಅಲ್ಲಿ ಕಡಲು ಸೇರುತ್ತದೆ. ಹೊಳೆಯ ಆಚೆ ಕಾಸರಕೋಡಿನ ಬಳಿ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಯ ನಡಿಗೆ ದಾರಿಯಿದೆ. ವಯಸ್ಸಾದವರೂ ನಿಧಾನವಾಗಿ ನಡೆಯಬಹುದು.

ಇನ್ನು ದಿನಾಂಕ. ಜೂನ್ ಬೇಡ. ಈ ಮಾತು ಯುವಕರಿಗೆ ರುಚಿಸಲಿಲ್ಲ, ಮುಂಗಡ ಕೊಟ್ಟಿದ್ದರಂತೆ. ಮುಂಗಡ ಹೋದರೆ ಹೋಗಲಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಮೀನಿಗೆ ಇಳಿಯುವಂತಿಲ್ಲ. ಮೀನಿನ ಸಂತಾನವೃದ್ಧಿಯ ಕಾಲ, ಸಮುದ್ರವೂ ಒರಟು. ಸಮುದ್ರದಲ್ಲೇ ಹುಟ್ಟಿ ಬೆಳೆದ ಮೀನುಗಾರ ದೋಣಿ ಕಟ್ಟಿ ಕೂರುವಾಗ, ಕೆರೆಯಲ್ಲೂ ಸರಿಯಾಗಿ ಈಜು ಬಾರದ ನಾವು ಮಕ್ಕಳನ್ನು ಇಳಿಸುವುದೇ? ಒಂಟೆಯನ್ನು ಕಟ್ಟಿದ ಮೇಲೆ ತವಕ್ಕುಲ್. ಘಾಟಿಯಲ್ಲಿ ಮಳೆಗೆ ಗುಡ್ಡ ಕುಸಿಯುವುದೂ ಉಂಟು. ದಸರಾ ರಜೆಗೆ ಇಟ್ಟುಕೊಳ್ಳಿ.

ಆಗಲೂ ನದಿ ಕಡಲು ಸೇರುವ ಅಳಿವೆಯಲ್ಲಿ ಇಳಿಯಬೇಡಿ. ಜೀವರಕ್ಷಕರಿರುವ ಕಡೆ ಮಾತ್ರ, ಮೊಣಕಾಲಿನವರೆಗೆ ಸಾಕು. ಎರಡು ಅಲೆಸಾಲುಗಳ ನಡುವೆ ಶಾಂತವಾಗಿ ಕಾಣುವ ಜಾಗವೇ ಎಷ್ಟೋ ಸಲ ಒಳಕ್ಕೆ ಎಳೆಯುವ ಸೆಳೆತದ ಜಾಗ. ಯಾರಾದರೂ ಸಿಕ್ಕಿಕೊಂಡರೆ ನೇರ ದಡಕ್ಕೆ ಬಡಿದಾಡಬಾರದು, ಸುಸ್ತಾಗಿ ಮುಳುಗುತ್ತಾರೆ. ದಡದ ಉದ್ದಕ್ಕೆ ಅಡ್ಡವಾಗಿ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ತಿರುಗಬೇಕು. ಈಜು ಬಾರದವನು ಕಾಪಾಡಲು ಹಾರಿದರೆ ಮನೆಗೆ ಎರಡು ಜನಾಝಾ.

ನಮಾಝ್ ವಿಷಯ ಹೆಚ್ಚು ಹೇಳುವುದಿಲ್ಲ. ದೂರ 80 ಕಿಲೋಮೀಟರ್ ದಾಟುತ್ತದೆ, ಆದ್ದರಿಂದ ಝುಹ್ರ್, ಅಸ್ರ್, ಇಶಾ ಎರಡೆರಡು ರಕಅತ್. ಸ್ಥಳೀಯ ಇಮಾಮರ ಹಿಂದೆ ನಿಂತರೆ ಪೂರ್ತಿ ನಾಲ್ಕು. ಕರಾವಳಿಯ ಮಸೀದಿಗಳಲ್ಲಿ ಹೆಚ್ಚಾಗಿ ಶಾಫಿಈ ಮದ್‌ಹಬ್, ಅಲ್ಲಿ ಅಸ್ರ್ ಅಝಾನ್ ನಮಗಿಂತ ಬೇಗ ಆಗುತ್ತದೆ. ನಮ್ಮ ಸಮಯ ಆಗಿಲ್ಲವೆಂದು ಹೊರಗೆ ನಿಂತು ವಾದ ಹೂಡಬೇಡಿ. ನಮ್ಮವರೇ ಆದ ಇಮಾಮ್ ಅಬೂ ಯೂಸುಫ್ ಮತ್ತು ಇಮಾಮ್ ಮುಹಮ್ಮದ್ ಅವರ ಅಭಿಪ್ರಾಯವೂ ಅದೇ ಸಮಯ. ಜಮಾಅತ್‌ಗೆ ಸೇರಿಕೊಳ್ಳಿ. ನೀರಿಲ್ಲವೆಂಬ ನೆಪವಂತೂ ಇಲ್ಲ, ಸಮುದ್ರದ ನೀರಿನಿಂದ ವುಝೂ ಆಗುತ್ತದೆ.

ಅಮ್ಮೀ ಅವರನ್ನು ಮರುವರ್ಷ ಕರೆದುಕೊಂಡು ಹೋದೆ. ಘಾಟಿಯಲ್ಲಿ ಎರಡು ಸಲ ವಾಂತಿಯಾಯಿತು, ನನ್ನ ಲೆಕ್ಕ ಸುಳ್ಳಾಗಲಿಲ್ಲ. ಕಾಸರಕೋಡಿನಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತರು. ಕಾಲು ನೋಯುತ್ತದೆ, ಕೂತುಕೊಳ್ಳಿ ಎಂದೆ. ಕೂರಲಿಲ್ಲ. "ದಡ ಕಾಣುವುದೇ ಇಲ್ಲ" ಎಂದು ಒಂದು ಸಲ ಹೇಳಿದರು. ಮಗ್ರಿಬ್‌ಗೆ ಹೊತ್ತಾಯಿತೆಂದ ಮೇಲೆಯೇ ಹೊರಬಂದಿದ್ದು. ವಾಪಸಾಗುವಾಗ ವಾಂತಿಯಾದರೂ ದೂರಲಿಲ್ಲ.

ಯುವಕರಿಗೆ ಹಳೆಯ ಪಟ್ಟಿಯನ್ನು ಹಿಂತಿರುಗಿಸಿದ್ದೇನೆ. ಹೊಸದನ್ನು ಮುಂದಿನ ಜುಮಾದೊಳಗೆ ತನ್ನಿ. ಬರೆಯುವ ಮೊದಲು ಮನೆಯಲ್ಲಿ ಪ್ರತಿಯೊಬ್ಬರನ್ನೂ ಕೇಳಿ. "ನೀವು ಹೋಗಿ ಬನ್ನಿ" ಎಂದವರನ್ನು ಇನ್ನೊಂದು ಸಲ ಕೇಳಿ.

ಅಲ್ಲಾಹನು ನಮ್ಮ ಪ್ರಯಾಣಗಳನ್ನು ಸುಗಮಗೊಳಿಸಲಿ, ಹೋದವರನ್ನು ಕ್ಷೇಮವಾಗಿ ಮನೆಗೆ ತಲುಪಿಸಲಿ. ಆಮೀನ್.